ಹಳೆ ಸಾಕೆಟ್ಟಿಗೆ ಹೊಸ ಜೆಲ್ ಲೈನರ್ ತುರುಕಿ ಕಳಿಸೋರಿದ್ದಾರೆ, ಹುಷಾರು

ಮಂಡಿ ಕೆಳಗಿನ ಕೃತಕ ಕಾಲು ಹಾಕೋರು, ಅವರ ಮನೆಯವರು ದಯವಿಟ್ಟು ಇದನ್ನ ಪೂರ್ತಿ ಓದಿ. ಸ್ಟಂಪ್ ಅಂದ್ರೆ ಕತ್ತರಿಸಿ ಉಳಿದ ಕಾಲು, ಸಾಕೆಟ್ ಅಂದ್ರೆ ಅದು ಕೂರೋ ಗಟ್ಟಿ ಚಿಪ್ಪು, ಲೈನರ್ ಅಂದ್ರೆ ಎರಡರ ನಡುವಿನ ಮೆತ್ತನೆ ಪದರ. 38,000 ರೂಪಾಯಿ ಹೋಗಿದೆ. ಹೇಳ್ಕೊಳ್ಳೋಕೇ ನಾಚಿಕೆ, ಯಾಕಂದ್ರೆ ಪೆಲೈಟ್ (ಲೈನರ್ ಮಾಡೋ ಫೋಮ್) ಎಷ್ಟು ಎಂಎಂ ಇರ್ಬೇಕು, ಸ್ಟಂಪಿಗೆ ಹಾಕೋ ಸಾಕ್ಸ್ ಎಷ್ಟು ಪ್ಲೈ (ದಪ್ಪದ ಅಳತೆ) ಹಾಕ್ಬೇಕು ಅಂತ ಊರಿಗೆಲ್ಲ ಹೇಳಿಕೊಡೋ ನಾನೇ ಹೋಗಿ ಟೋಪಿ ಹಾಕಿಸ್ಕೊಂಡು ಬಂದಿದ್ದೀನಿ. ಅಂಗಡಿ ಹೆಸರು ಹಾಕಲ್ಲ. ಹಾಕಿದ್ರೆ ಅವರೊಬ್ಬರೇ ಹೀಗೆ ಅನ್ಕೊಂಡು ಪಕ್ಕದ ಅಂಗಡಿಗೆ ಹೋಗ್ತೀರಿ, ಅಲ್ಲೂ ಇದೇ ಮಾತು ಕೇಳಿಸ್ಕೊಳ್ತೀರಿ.

ಜೆಲ್ ಲೈನರ್ ಆದ್ರೆ ಲೈನರ್ ಮೊದಲು, ಸಾಕೆಟ್ ಮಾಡೋಕೆ ತೆಗೆಯೋ ಸ್ಟಂಪಿನ ಅಚ್ಚು ಆಮೇಲೆ. ಇದನ್ನ ಉಲ್ಟಾ ಮಾಡೋಣ ಅನ್ನೋರ ಕೈಗೆ ದುಡ್ಡು ಕೊಡಬೇಡಿ. ಬೇರೇನೂ ಓದದಿದ್ರೂ ಇದೊಂದು ನೆನಪಿಟ್ಕೊಳ್ಳಿ.

ಹಳೆ ಕಾಲು ಮಾಮೂಲಿದು. ಹೊರಗೆ ಪಾಲಿಪ್ರೊಪಿಲೀನ್ ಸಾಕೆಟ್, ಒಳಗೆ 5 ಎಂಎಂ ಪೆಲೈಟ್, ಮಂಡಿ ಮೇಲೆ ಬೆಲ್ಟು. ಪೆಲೈಟ್ ಒಳ್ಳೇ ಸಾಮಾನೇ. ಅದರೊಳಗಿನ ಗಾಳಿಗುಳ್ಳೆಗಳು ಒಂದಕ್ಕೊಂದು ತೆರ್ಕೊಂಡಿರಲ್ಲ, ಹಾಗಾಗಿ ಬೆವರು ಹೀರಲ್ಲ, ಒದ್ದೆ ಬಟ್ಟೇಲಿ ಒರೆಸಿದ್ರೆ ಮುಗೀತು. ಆದ್ರೆ ದಿನಾ ಭಾರ ಬೀಳೋ ಕಡೆ ಗುಳ್ಳೆ ಚಪ್ಪಟೆ ಆಗ್ತಾ ಆಗ್ತಾ ಮತ್ತೆ ಏಳಲ್ಲ. ನಂದು ಮುಂಗಾಲ ಮೂಳೆ (ಮಂಡಿ ಕೆಳಗಿನ ದೊಡ್ಡ ಮೂಳೆ) ತುದೀಲಿ 5 ಇದ್ದದ್ದು 3 ಎಂಎಂಗೆ ಬಂದಿತ್ತು. ಅಲ್ಲಿ ಉಜ್ತಿತ್ತು. ಇದಕ್ಕೆ ನ್ಯಾಯವಾದ ರಿಪೇರಿ ಅಂದ್ರೆ ಹೊಸದಾಗಿ ಪಿಒಪಿ (ಪ್ಲಾಸ್ಟರ್) ಅಚ್ಚು ತೆಗೆದು, ಮೂಳೆ ಇರೋ ಕಡೆ ಅಚ್ಚಿನ ಮೇಲೆ ಪ್ಲಾಸ್ಟರ್ ಸೇರಿಸಿ, ಭಾರ ಹೊರೋ ಕಡೆ ಕೆರೆದು, ಅದರ ಮೇಲೆ ಪೆಲೈಟ್ ಎಳೆದು, ಆಮೇಲೆ ಸಾಕೆಟ್. ಇದು ನಂಗೆ ಗೊತ್ತಿತ್ತು. ಗೊತ್ತಿದ್ದೂ ಅಂಗಡೀಲಿ ಕೇಳಿದ್ದು, "ಲೈನರ್ ಅಷ್ಟೇ ಬದಲಾಯಿಸಬಹುದಾ?"

ಅಲ್ಲಿಗೆ ಮುಗೀತು. ಅವರಿಗೆ ಬೇಕಾಗಿದ್ದೂ ಅದೇ ಪ್ರಶ್ನೆ.

"ಆರಾಮಾಗಿ ಸಾರ್. ಪೆಲೈಟ್ ಎಲ್ಲ ಹಳೇ ಕಾಲದ್ದು. ಇದು ಇಂಪೋರ್ಟೆಡ್ ಸಿಲಿಕೋನ್, 9 ಎಂಎಂ. ಸಾಕೆಟ್ ಹಾಗೇ ಇರ್ಲಿ, ಪೆಲೈಟ್ ಕಿತ್ರೆ ಜಾಗ ಆಗುತ್ತಲ್ಲ. ಸಾಕೆಟ್ ದುಡ್ಡು ಉಳೀತು ನಿಮ್ಗೆ." ಹೇಳ್ತಾ ಲೈನರನ್ನ ಟೇಬಲ್ ಮೇಲಿಟ್ಟು "ಒತ್ತಿ ನೋಡಿ ಸಾರ್" ಅಂದ್ರು.

ಒತ್ತಿದೆ. ಹೆಬ್ಬೆರಳು ಮೆತ್ತಗೆ ಒಳಗಿಳೀತು, ಬೆಣ್ಣೆ ಒಳಗೆ ಇಳಿದ ಹಾಗೆ. ಇಷ್ಟು ದಿನ ಇದನ್ನ ಬಿಟ್ಟು ಆ ಗಟ್ಟಿ ಫೋಮ್ ಯಾಕೆ ಹಾಕ್ಕೊಂಡಿದ್ದೆ ಅನ್ನಿಸ್ತು. ಮೋಸ ಹೋಗಿದ್ದು ಆ ಕ್ಷಣದಲ್ಲೇ. ದುಡ್ಡು ಕೊಟ್ಟಾಗಲ್ಲ, ಬೆರಳು ಒಳಗಿಳಿದಾಗ.

ಯಾಕೆ ಅಂತ ಬಿಡಿಸಿ ಹೇಳ್ತೀನಿ, ಇದನ್ನ ಯಾರೂ ಹೇಳಿಕೊಡಲ್ಲ. ಫೋಮ್ ಒತ್ತಿದ್ರೆ ಅದರೊಳಗಿನ ಗಾಳಿ ಹಿಂಡ್ಕೊಂಡು ಫೋಮೇ ತೆಳ್ಳಗಾಗುತ್ತೆ. ಜೆಲ್ ಹಾಗಲ್ಲ. ಅದರಲ್ಲಿ ಹಿಂಡೋಕೆ ಗಾಳಿ ಇಲ್ಲ. ನೀರು ತುಂಬಿದ ಕವರ್ ಥರ, ಇಲ್ಲಿ ಒತ್ತಿದ್ರೆ ಅಲ್ಲಿ ಉಬ್ಬುತ್ತೆ. ಟೇಬಲ್ ಮೇಲಿದ್ದಾಗ ಹೆಬ್ಬೆರಳಿನ ಸುತ್ತ ಉಬ್ಬೋಕೆ ಜಾಗ ಇತ್ತು, ಅದಕ್ಕೇ ಮೆತ್ತಗೆ ಅನ್ನಿಸಿದ್ದು. ಅದೇ ಜೆಲ್ಲನ್ನ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನೊಳಗೆ ತುರುಕಿ ಮೇಲೆ 70 ಕೆ.ಜಿ. ನಿಲ್ಲಿಸಿದ್ರೆ ಉಬ್ಬೋಕೆ ಜಾಗ ಎಲ್ಲಿದೆ? ಜಾಗ ಇಲ್ಲದ ಜೆಲ್ ಮೆತ್ತಗಿರಲ್ಲ. ಹೆಬ್ಬೆರಳ ಪರೀಕ್ಷೆ ನಂಬಬೇಡಿ.

ಇನ್ನೊಂದು ಲೆಕ್ಕ. ಲೈನರ್ ದಪ್ಪ 1 ಎಂಎಂ ಹೆಚ್ಚಾದ್ರೆ ಸುತ್ತಳತೆ 6 ಎಂಎಂಗೂ ಸ್ವಲ್ಪ ಮೇಲೇ ಬೆಳೆಯುತ್ತೆ. 5 ಎಂಎಂ ತೆಗೆದು 9 ಹಾಕಿದ್ರೆ 4 ಎಂಎಂ ಜಾಸ್ತಿ, ಸುತ್ತಳತೇಲಿ 25 ಎಂಎಂ. ಒಂದಿಂಚು! ಸಾಕೆಟ್ ಒಂದಿಂಚು ಹಿಗ್ಗುತ್ತಾ? ಹಿಗ್ಗಲ್ಲ. ಹಾಗಾಗಿ ಸ್ಟಂಪ್ ಪೂರ್ತಿ ಕೆಳಗಿಳಿಯೋದೇ ಇಲ್ಲ, ಮೇಲೇ ಸಿಕ್ಕಾಕ್ಕೊಳ್ಳುತ್ತೆ. ಹೈಸ್ಕೂಲ್ ಗಣಿತ ಸ್ವಾಮಿ ಇದು. ಅಂಗಡೀಲಿ ಕೂತು ಮಾಡ್ಬೇಕಿತ್ತು, ಮನೆಗೆ ಬಂದು ಮಾಡಿದೆ.

ಮೇಲೆ ಸಿಕ್ಕಾಕ್ಕೊಂಡ್ರೆ ಏನೇನಾಗುತ್ತೆ ನೋಡಿ. ಸಾಕೆಟ್ ಮುಂಭಾಗದಲ್ಲಿ ಒಳಕ್ಕೆ ಚಾಚಿರೋ ಉಬ್ಬು ಇರುತ್ತಲ್ಲ, ಅದು ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಮೇಲೆ ಕೂರ್ಬೇಕು. ಭಾರ ತಡ್ಕೊಳ್ಳೋ ಜಾಗ ಅದು. ಸ್ಟಂಪ್ ಮೇಲಿದ್ರೆ ಆ ಉಬ್ಬು ಅದಕ್ಕಿಂತ ಕೆಳಗೆ, ಮುಂಗಾಲ ಮೂಳೆಯ ಗುಬುಟಿನ ಮೇಲೆ ಕೂರುತ್ತೆ. ಹೊರಪಕ್ಕದ ಸಣ್ಣ ಮೂಳೆ ತಲೆಗೆ ಅಂತ ಬಿಟ್ಟಿರೋ ಗುಳಿ ಕೆಳಗೇ ಉಳಿದು, ಮೂಳೆ ಹೋಗಿ ಗುಳಿಯ ಅಂಚಿಗೆ ತಗಲುತ್ತೆ. ಕಾಲು ಉದ್ದ ಆಗಿ ಸೊಂಟ ಎತ್ತಿ ನಡೀಬೇಕಾಗುತ್ತೆ. ಎಲ್ಲಕ್ಕಿಂತ ಕೆಟ್ಟದ್ದು, ಸ್ಟಂಪ್ ತುದಿ ಖಾಲೀಲಿ ತೂಗುತ್ತೆ. ಮೇಲೆ ಬಿಗಿ, ಕೆಳಗೆ ಖಾಲಿ. ರಕ್ತ ಕೆಳಗಿಳಿದು ಮೇಲೆ ಹತ್ತೋಕಾಗ್ದೆ ತುದಿ ಊದಿ ನೇರಳೆ ಬಣ್ಣಕ್ಕೆ ತಿರುಗುತ್ತೆ. ಹಾಗೇ ತಿಂಗಳುಗಟ್ಟಲೆ ಬಿಟ್ರೆ ಚರ್ಮ ದಪ್ಪ ಆಗಿ ನರುಲಿ ಥರ ಬೆಳೆಯುತ್ತೆ.

ಅಂಗಡೀಲಿ ಐದು ನಿಮಿಷ ಕಂಬಿ ಹಿಡ್ಕೊಂಡು ನಡೆಸಿದ್ರು. ಕಾಲು ಬಿಚ್ಚಿ ಚರ್ಮ ನೋಡ್ಲಿಲ್ಲ. ನಾನೂ ಕೇಳ್ಲಿಲ್ಲ. ಟೇಪ್ ಹಿಡಿಯಲೇ ಇಲ್ಲ ಕಣ್ರೀ! ಕಣ್ಣಳತೇಲಿ "ನಿಮ್ಗೆ ಮೀಡಿಯಂ" ಅಂದ್ರು, ಬನಿಯನ್ ಕೊಡೋ ಥರ. ಸಿಲಿಕೋನ್ ಲೈನರ್ ಆದ್ರೆ ಸ್ಟಂಪ್ ತುದಿಯಿಂದ 4 ಸೆಂ.ಮೀ. ಮೇಲೆ ಸುತ್ತಳತೆ ತಗೋಬೇಕು, ಎರಡು ಸೈಜಿನ ನಡುವೆ ಬಂದ್ರೆ ಚಿಕ್ಕದನ್ನ ಕೊಡ್ಬೇಕು.

ಮೂರನೇ ದಿನ ತುದಿ ಊದಿದೆ ಅಂತ ಫೋಟೋ ಕಳಿಸಿದೆ. ಬಂದ ಉತ್ತರಗಳು ಇವು, ಒಂದಕ್ಷರ ಬದಲಾಯಿಸಿಲ್ಲ.

"ಹೊಸದು ಸಾರ್, 15 ದಿನ ಕೊಡಿ, ಅಭ್ಯಾಸ ಆಗುತ್ತೆ."

"ತುದಿ ಖಾಲಿ ಅನ್ನಿಸಿದ್ರೆ 3 ಪ್ಲೈ ಸಾಕ್ಸ್ ಒಂದು ಸೇರಿಸಿ."

ಸೇರಿಸೋದಂತೆ! ಈಗಾಗ್ಲೇ ಮೇಲೆ ಸಿಕ್ಕಾಕ್ಕೊಂಡಿರೋದಕ್ಕೆ ಇನ್ನೂ ದಪ್ಪ ಮಾಡಿದ್ರೆ ಇನ್ನೂ ಮೇಲೆ ಹತ್ತುತ್ತೆ. ಇಲ್ಲಿ ತುಂಬ ಜನ ಎಡವ್ತಾರೆ, ಅದಕ್ಕೇ ಹೇಳ್ತೀನಿ. ಸ್ಟಂಪ್ ಸಣ್ಣ ಆಗಿ ಸಾಕೆಟ್ ಲೂಸ್ ಆಗಿದ್ರೆ ಕೆಳಗೆ ಕುಸೀತೀರಿ: ಉಬ್ಬು ಮಂಡಿಚಿಪ್ಪಿಗೇ ಒತ್ತುತ್ತೆ, ತುದಿ ತಳಕ್ಕೆ ಕುಟ್ಟುತ್ತೆ, ಕಾಲು ಗಿಡ್ಡ ಅನ್ನಿಸುತ್ತೆ. ಆಗ ಮಾತ್ರ ಸಾಕ್ಸ್ ಸೇರಿಸಬೇಕು. ತುದಿ ತೂಗ್ತಿದೆ, ಕಾಲು ಉದ್ದ ಅನ್ನಿಸ್ತಿದೆ ಅಂದ್ರೆ ಸಾಕ್ಸ್ ತೆಗೀಬೇಕು. ತೆಗೆಯೋಕೆ ಸಾಕ್ಸೇ ಇಲ್ಲ ಅಂದ್ರೆ ಸಾಕೆಟ್ಟೇ ತಪ್ಪು. ಅನುಮಾನ ಇದ್ರೆ ಗೋಲಿಯಷ್ಟು ಮಕ್ಕಳ ಆಟದ ಕ್ಲೇ ಸಾಕೆಟ್ ತಳಕ್ಕೆ ಹಾಕಿ, ಕಾಲು ಹಾಕ್ಕೊಂಡು ಒಂದು ಸಲ ಭಾರ ಬಿಟ್ಟು ತೆಗೀರಿ. ತಟ್ಟಿದ ರೊಟ್ಟಿ ಥರ ಪೂರ್ತಿ ಚಪ್ಪಟೆ ಆಗಿದ್ರೆ ತಳ ಕುಟ್ತಿದೆ, ಒಂಚೂರು ಅದುಮಿದ್ರೆ ಸರಿ. ನಂದು ಗೋಲಿ ಗೋಲಿಯಾಗೇ ಇತ್ತು.

"ಕಾಲು ಉದ್ದ ಅನ್ನಿಸಿದ್ರೆ ಇನ್ನೊಂದು ಚಪ್ಪಲಿಗೆ ಸೋಲ್ ಹಾಕಿಸ್ಕೊಳ್ಳಿ ಸಾರ್."

ಇದನ್ನ ಮತ್ತೊಮ್ಮೆ ಓದಿ. ಚೆನ್ನಾಗಿರೋ ಕಾಲಿನ ಚಪ್ಪಲಿಗೆ ಸೋಲ್!

ಆಮೇಲೆ ಕರೆಸಿ "ಡಿಸ್ಟಲ್ ಎಂಡ್ ಪ್ಯಾಡ್, ಇದೂ ಇಂಪೋರ್ಟೆಡ್" ಅಂತ ನೀಲಿ ಜೆಲ್ ತುಂಡೊಂದನ್ನ ತಳಕ್ಕೆ ಹಾಕಿ 4,500 ತಗೊಂಡ್ರು. ಒಟ್ಟು 38,000 ಆಗಿದ್ದು ಹಾಗೆ. ನಾಲ್ಕು ದಿನ ಆದ್ಮೇಲೆ ವಾಸನೆ ಬಂತು ಅಂತ ಪ್ಯಾಡ್ ತೆಗೆದು ತೊಳೆದೆ. ಅಡಿ ತಿರುಗಿಸಿದ್ರೆ ಅಚ್ಚೊತ್ತಿದ ಅಕ್ಷರ, "ಎಲ್". ಲಾರ್ಜ್. ಪಕ್ಕದಲ್ಲಿ ಕತ್ತರೀಲಿ ಸುತ್ತ ಕತ್ತರಿಸಿದ ಗುರುತು. ಅದು ಹಿಮ್ಮಡಿ ನೋವಿಗೆ ಶೂ ಒಳಗೆ ಹಾಕ್ಕೊಳ್ಳೋ ಹೀಲ್ ಕುಷನ್. ಔಷಧಿ ಅಂಗಡೀಲಿ ಜೋಡಿಗೆ ಇನ್ನೂರು ಮುನ್ನೂರಕ್ಕೆ ಸಿಗುತ್ತೆ. ನಿಜವಾದ ತುದಿ ಪ್ಯಾಡ್ ಅಂದ್ರೆ ನಮ್ಮ ಸ್ಟಂಪಿನ ಅಚ್ಚಿನ ತಳದ ಆಕಾರಕ್ಕೇ ಮಾಡಿದ್ದು, ಎಲ್ಲ ಕಡೆ ಒಂದೇ ಸಮ ತಗಲ್ಬೇಕು. ಚಪ್ಪಟೆ ತುಂಡು ಹಾಕಿದ್ರೆ ನಡುವಲ್ಲಿ ಮೂಳೆ ತುದಿಗೆ ಒತ್ತುತ್ತೆ, ಸುತ್ತ ಹಾಗೇ ಖಾಲಿ.

ಆ "ಎಲ್" ನೋಡಿ ನಗು ಬಂತೋ ಅಳು ಬಂತೋ ಗೊತ್ತಿಲ್ಲ.

ಅನುಮಾನ ಬಂದ ಮೇಲೆ ಲೈನರನ್ನೂ ನೋಡಿದೆ. ರಾತ್ರಿ ಬಿಳಿ ಕಾಗದದ ಮೇಲಿಟ್ಟೆ, ಬೆಳಿಗ್ಗೆ ಬೋಂಡ ಕಟ್ಟಿದ ಪೇಪರ್ ಥರ ಜಿಡ್ಡು. ಸಿಲಿಕೋನ್ ಅಲ್ಲ ಅದು, ಮಿನರಲ್ ಆಯಿಲ್ ಸೇರಿಸಿದ ಟಿಪಿಇ (ರಬ್ಬರ್ ಥರ ಹಿಗ್ಗೋ ಪ್ಲಾಸ್ಟಿಕ್) ಜೆಲ್. ಟಿಪಿಇ ಕೆಟ್ಟದ್ದು ಅಂತ ಹೇಳ್ತಿಲ್ಲ. ಮಾಂಸ ಕಮ್ಮಿ ಇದ್ದು ಮೂಳೆ ಎದ್ದು ಕಾಣೋರಿಗೆ, ಗಾಯದ ಗೆರೆ ಇರೋರಿಗೆ ಅದು ಸಿಲಿಕೋನಿಗಿಂತ ಹಿತ. ಆದ್ರೆ ಬೇಗ ಸವೆಯುತ್ತೆ, ಉಗುರು ತಾಗಿದ್ರೆ ಹರಿಯುತ್ತೆ, ಬಿಸಿಲಲ್ಲಿ ನಿಂತ ಕಾರಲ್ಲಿ ಬಿಟ್ರೆ ಆಕಾರ ಕೆಡುತ್ತೆ. ಸಿಲಿಕೋನ್ ಗಟ್ಟಿ, ಹೆಚ್ಚು ದಿನ ಬರುತ್ತೆ, ಪಿನ್ ಲಾಕ್ (ಲೈನರ್ ತುದಿಯ ಪಿನ್ನು ಸಾಕೆಟ್ಟಿಗೆ ಲಾಕ್ ಆಗೋದು) ಹಾಕೋರಿಗೆ ಅದೇ ಮಾಮೂಲು. ಇನ್ನೊಂದು ಥರದ್ದು ಪಾಲಿಯುರೆಥೇನ್ ಲೈನರ್, ಒತ್ತಡ ಹಂಚೋದ್ರಲ್ಲಿ ಮುಂದು, ವಾಸನೆ ಹಿಡಿಯೋದ್ರಲ್ಲೂ ಮುಂದು. ಯಾವುದು ಬೇಕಾದ್ರೂ ಕೊಡ್ಲಿ, ಹೆಸರು ಹೇಳಿ ಕೊಡ್ಲಿ. ಟಿಪಿಇ ಕೊಟ್ಟು ಸಿಲಿಕೋನ್ ರೇಟ್ ತಗೊಳ್ಳೋದು ಯಾವ ನ್ಯಾಯ?

ಕೇಳಿದ್ದಕ್ಕೆ, "ಎಲ್ಲಾ ಒಂದೇ ಸಾರ್, ಜೆಲ್ ಅಂದ್ರೂ ಸಿಲಿಕೋನ್ ಅಂದ್ರೂ."

ಒಂದೇ ಅಂತೆ. ರೋಲ್ ಮಾಡಿ ಹಾಕ್ಕೊಳ್ಳೋ ಸಿಲಿಕೋನ್ ಲೈನರ್ ಐಸ್‌ಲ್ಯಾಂಡಿನಿಂದ ಮಾರುಕಟ್ಟೆಗೆ ಬಂದಿದ್ದು 1986ರಲ್ಲಿ. ನಲವತ್ತು ವರ್ಷ ಆಗ್ತಾ ಬಂತು, ಇವರಿಗೆ ಇನ್ನೂ ಎಲ್ಲಾ ಒಂದೇ. "ಜೈಪುರ ಕಾಲಲ್ಲಿ ಇಷ್ಟು ಕುಷನ್ನೂ ಇರಲ್ಲ ಸಾರ್, ಅವರು ನಡೀತಿಲ್ವಾ?" ಅಂತ ಬೇರೆ ಕೇಳಿದ್ರು. 1968ರಿಂದ ಜನ ಅದರಲ್ಲಿ ಗದ್ದೆ ಕೆಲಸ ಮಾಡ್ತಿದ್ದಾರೆ, ನಿಜ. ಅದರ ಮೆತ್ತನೆ ಇರೋದು ಪಾದದ ರಬ್ಬರಲ್ಲಿ. ಎಚ್‌ಡಿಪಿಇ ಪ್ಲಾಸ್ಟಿಕ್ ಸಾಕೆಟ್ಟಿಗೂ ಚರ್ಮಕ್ಕೂ ನಡುವೆ ಎಷ್ಟೋ ಜನಕ್ಕೆ ಬರೀ ಸಾಕ್ಸ್. ಅಚ್ಚು ಸರಿ ಇದ್ರೆ ಸಾಕ್ಸಲ್ಲೂ ನಡೀಬಹುದು, ಅಚ್ಚು ತಪ್ಪಿದ್ರೆ 9 ಎಂಎಂ ಜೆಲ್ಲಲ್ಲೂ ಆಗಲ್ಲ. ಅವರ ಮಾತು ಅವರಿಗೇ ತಿರುಗುತ್ತೆ, ಆದ್ರೆ ನನ್ನ ಬಾಯಿಗೆ ಇದು ಬಂದಿದ್ದು ಬಸ್ಸಲ್ಲಿ ವಾಪಸ್ ಬರುವಾಗ.

ವಾಪಸ್ ತಗೊಳ್ಳಿ ಅಂದೆ. "ಒಮ್ಮೆ ಹಾಕಿದ ಲೈನರ್ ವಾಪಸ್ ಇಲ್ಲ ಸಾರ್, ಹೈಜೀನು." ಇದು ಸಾಮಾನ್ಯವಾಗಿ ಇರೋ ರೂಲೇ, ತಪ್ಪಲ್ಲ. ಅದಕ್ಕೇ ದುಡ್ಡು ಕೊಡೋ ಮೊದಲೇ ಎಲ್ಲ ನೋಡ್ಬೇಕು. ಬಿಲ್ ಕೊಡಿ ಅಂದ್ರೆ "ಎಸ್ಟಿಮೇಟ್" ಅಂತ ಬರೆದ ಹಳದಿ ಚೀಟಿ ತೋರಿಸ್ತಾರೆ. ಜಿಎಸ್‌ಟಿ ನಂಬರಿಲ್ಲ, ಲೈನರಿನ ಬ್ಯಾಚ್ ನಂಬರಿಲ್ಲ, ವಾರಂಟಿ "ಬಾಯಲ್ಲಿ ಹೇಳಿದೀವಲ್ಲ".

ನೀವು ಹೋದ್ರೆ ಇಷ್ಟು ಮಾಡಿ. ಅಳತೆ ತಗೊಳ್ಳೋ ವ್ಯಕ್ತಿ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರೋ ಪ್ರಾಸ್ಥೆಟಿಸ್ಟಾ, ಅಂದ್ರೆ ಕೃತಕ ಕೈಕಾಲು ಕೂರಿಸೋ ತಜ್ಞರಾ ಅಂತ ಕೇಳಿ, ನಂಬರ್ ಬರೆಸ್ಕೊಳ್ಳಿ. ನಂಗೆ ಕೊಟ್ಟೋರು ಬರೀ ಸೇಲ್ಸ್‌ನವರು ಅಂತ ಆಮೇಲೆ ಗೊತ್ತಾಯ್ತು. ಜೆಲ್ ಲೈನರ್ ಬೇಕಾದ್ರೆ ಅದನ್ನ ಹಾಕ್ಕೊಂಡೇ, ಅದರ ಮೇಲೇ ಪಿಒಪಿ ಸುತ್ತಿ ಅಚ್ಚು ತೆಗೀಬೇಕು. ಆಮೇಲೆ ಪಾರದರ್ಶಕ ಟ್ರಯಲ್ ಸಾಕೆಟ್ ಕೇಳಿ, ಎಲ್ಲಿ ಖಾಲಿ ಎಲ್ಲಿ ಬಿಗಿ ಅಂತ ಕಣ್ಣಿಗೇ ಕಾಣುತ್ತೆ. ಹತ್ತು ನಿಮಿಷ ನಡೆದು, ಬಿಚ್ಚಿ, ಕೆಂಪಾದ ಜಾಗ ನೋಡಿ. ಇನ್ನು ಹತ್ತು ನಿಮಿಷದಲ್ಲಿ ಮಾಯ ಆದ್ರೆ ಸರಿ, ಆಗದಿದ್ರೆ ಅಲ್ಲಿಂದ ಏಳಬೇಡಿ. ಚಕ್ಕಳಮಕ್ಕಳ ಹಾಕಿ ಕೂತೂ ನೋಡಿ, ದಪ್ಪ ಲೈನರ್ ಮಂಡಿ ಹಿಂದೆ ಮಡಿಕೆಯಾಗಿ ಕಚ್ಚುತ್ತೆ.

ಲೈನರ್ ಹಾಕೋದನ್ನೂ ಕಲಿಸಲ್ಲ ಇವರು. ಪೂರ್ತಿ ಒಳಗು ಹೊರಗು ಮಾಡಿ, ತಳವನ್ನ ಸ್ಟಂಪ್ ತುದಿಗೆ ಗಾಳಿ ಉಳೀದ ಹಾಗೆ ಒತ್ತಿ ಹಿಡಿದು, ಮೇಲಕ್ಕೆ ಉರುಳಿಸ್ಬೇಕು. ಕಾಲುಚೀಲ ಎಳೆದ ಹಾಗೆ ಎಳೀಬಾರದು. ತುದೀಲಿ ಗಾಳಿ ಉಳಿದ್ರೆ ಪ್ರತಿ ಹೆಜ್ಜೆಗೂ ಚರ್ಮ ಹೀರಿ ಬೊಬ್ಬೆ ಬರುತ್ತೆ. ದಿನಾ ರಾತ್ರಿ ಪರಿಮಳ ಇಲ್ಲದ ಮೆದು ಸೋಪಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಇದರಲ್ಲಿ ಗಾಳಿ ಆಡಲ್ಲ, ರಾಯಚೂರು ಕಲಬುರಗಿ ಬೇಸಿಗೇಲಿ ಮಧ್ಯಾಹ್ನ ಒಮ್ಮೆ ಬಿಚ್ಚಿ ಒರೆಸದೆ ಆಗೋದೇ ಇಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಹೋದವರು ಇನ್ನೂ ಹುಷಾರು. ನೋವೇ ಗೊತ್ತಾಗಲ್ಲ, ದಿನಾ ಕನ್ನಡೀಲಿ ತುದಿ ನೋಡ್ಕೊಳ್ಳಿ. ಗಾಯ ಕಂಡ್ರೆ ಕಾಲು ಹಾಕಲೇಬೇಡಿ, ಡಾಕ್ಟರ ಹತ್ರ ಹೋಗಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಹಳದಿ ಚೀಟಿ, ಯುಪಿಐ ಸ್ಕ್ರೀನ್‌ಶಾಟ್, "ಎಲ್" ಕಾಣೋ ಹಾಗೆ ಪ್ಯಾಡಿನ ಫೋಟೋ, ಸೋಲ್ ಹಾಕಿಸಿ ಅಂದ ಮೆಸೇಜು, ಎಲ್ಲ ಇದೆ. ದೂರು ಕೊಟ್ಟೆ ಅಂತ ಅಂಗಡಿಗೂ ತಿಳಿಸಿದೆ. ಎರಡು ದಿನ ನೀಲಿ ಟಿಕ್ ಮಾತ್ರ. ನಿನ್ನೆ ರಾತ್ರಿ ಉತ್ತರ ಬಂತು:

"ಸಾರ್ ನಿಮ್ದು ಸಾಕೆಟ್ ಹಳೇದು, ಅದೇ ಪ್ರಾಬ್ಲಮ್. ಲೈನರ್ ಮೇಲೆ ಹೊಸ ಅಚ್ಚು ತೆಗೆದು ಹೊಸ ಸಾಕೆಟ್ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ. 45,000 ಆಗುತ್ತೆ. ನಿಮ್ಗೆ ಅಂತ 40."