ತಗಡಿನ ಮಡಿ, ಮಣ್ಣಿನ ಗಡಿಗೆ: ಕಲಬುರಗಿಯ ಮೂರು ಬೇಸಿಗೆ ಕಳೆದ ಮೇಲೆ

ಆರು ಅಡಿ ಉದ್ದ, ಮೂರು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತಗಡಿನ ತರಕಾರಿ ಮಡಿಯನ್ನು ಆನ್‌ಲೈನ್‌ನಲ್ಲಿ ತರಿಸಿ ಮೂರು ಬೇಸಿಗೆ ಆಯ್ತು. ಆಗ 5,800 ರೂಪಾಯಿ ಕೊಟ್ಟಿದ್ದೆ. ತಗಡಿನ ದಪ್ಪ, ಲೇಪನ, ಬಣ್ಣ ಇವೆಲ್ಲ ಮಾರುವವರ ಪುಟದಲ್ಲೇ ಇರುತ್ತವೆ, ನೀವೂ ನೋಡಿರುತ್ತೀರಿ. ಅಲ್ಲಿ ಇಲ್ಲದ್ದನ್ನು ಮಾತ್ರ ಬರೆಯುತ್ತೇನೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರಿನಲ್ಲಿ ಈ ಮಡಿ ಹೇಗೆ ಬಾಳಿತು ಅನ್ನೋದನ್ನ.

ನಾನು ಇದನ್ನು ತರಿಸಿದ್ದು ಅವ್ವನಿಗಾಗಿ. ಹಳ್ಳಿಯಲ್ಲಿ ಇಡೀ ಜೀವನ ಹೊಲದಲ್ಲಿ ಕಳೆದವಳು. ಮೊಣಕಾಲು ನೋವಿನಿಂದ ಈಗ ಕೆಳಗೆ ಕೂತು ಕಳೆ ಕೀಳಲು ಆಗುವುದಿಲ್ಲ. ನಮ್ಮ ಅಂಗಳಕ್ಕೆ ಪೂರ್ತಿ ಶಹಾಬಾದ್ ಪರಸಿ, ಅಂದರೆ ಹಾಸುಗಲ್ಲು ಹಾಸಿದೆ, ಒಂದು ಹಿಡಿ ಮಣ್ಣು ಕಾಣುವುದಿಲ್ಲ. ಎತ್ತರದ ಮಡಿ ಇದ್ದರೆ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು ಕೆಲಸ ಮಾಡಬಹುದು, ಅಲ್ವಾ? ಅಗಲ ಮೂರೇ ಅಡಿ ಸಾಕು ಎಂದು ಆರಿಸಿದ್ದೂ ಅದಕ್ಕೇ. ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿನ ಗಿಡ ಸಿಗಬೇಕು. ನೀವು ಕೊಳ್ಳುವುದಾದರೆ ಗೋಡೆಗೆ ಒತ್ತಿ ಇಡಬೇಡಿ. ಫೋಟೋದಲ್ಲಿ ಚಂದ ಕಾಣುತ್ತದೆ, ಆದರೆ ಹಿಂದಿನ ಸಾಲಿಗೆ ಕೈ ಹೋಗುವುದಿಲ್ಲ.

ಮೊದಲ ವರ್ಷ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಎಂದರೆ ಮಡಿ ಇಡುವ ಜಾಗದ ಪರಸಿಗಳನ್ನು ಎಬ್ಬಿಸಿದ್ದು. ಈ ಮಡಿಗೆ ತಳ ಇಲ್ಲ. ಕೆಳಗೆ ಎರೆ ಮಣ್ಣು ಸಿಕ್ಕಿತು. ಬೇರು ಅಲ್ಲಿಗೆ ಇಳಿಯಲಿ ಎಂದು ಒಂದು ಗೇಣು ಅಗೆದು ಸಡಿಲ ಮಾಡಿದೆವು. ಕಾದ ಕಲ್ಲಿನ ಮೇಲೆ ಹಾಗೇ ಇಟ್ಟಿದ್ದರೆ ಬೇರಿಗೆ ಹೋಗಲು ದಾರಿಯೇ ಇರುತ್ತಿರಲಿಲ್ಲ.

ಮಣ್ಣಿನ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಈ ಅಳತೆಯ ಮಡಿ 27 ಘನ ಅಡಿ ನುಂಗುತ್ತದೆ. ಅಂದರೆ ಹತ್ತಿರ ಹತ್ತಿರ 765 ಲೀಟರ್. ಎಲ್ಲವನ್ನೂ ಕೊಂಡು ತುಂಬಿದರೆ ತಗಡಿಗಿಂತ ಮಣ್ಣೇ ದುಬಾರಿ. ಹೊಲದ ಎರೆ ಮಣ್ಣನ್ನೇ ತುಂಬೋಣ ಎಂದುಕೊಂಡಿದ್ದೆ, ಅವ್ವ ಬೇಡ ಎಂದಳು. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ತೆಳ್ಳನೆ ತಗಡು ಅದನ್ನು ತಡೆಯುವುದಿಲ್ಲ. ಕೊನೆಗೆ ತಳದಲ್ಲಿ ಅರ್ಧ ಅಡಿ ತೊಗರಿ ಕಟ್ಟಿಗೆ ಮತ್ತು ಒಣ ಎಲೆ, ಅದರ ಮೇಲೆ ಕೆಂಪು ಮಣ್ಣು, ಹಳೆಯ ತಿಪ್ಪೆ ಗೊಬ್ಬರ, ಸ್ವಲ್ಪ ಎರೆ ಮಣ್ಣು, ತೊಳೆದ ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) ಹಾಕಿದೆವು. ಕೋಕೋಪೀಟನ್ನು ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿಯೇ ಹಾಕಿ. ಅದರಲ್ಲಿ ಉಪ್ಪು ಇರುತ್ತದೆ, ನಮ್ಮ ಬೋರ್‌ವೆಲ್ ನೀರಲ್ಲಿ ಮೊದಲೇ ಬೇಕಾದಷ್ಟಿದೆ. ಕಟ್ಟಿಗೆಗೆ ಗೆದ್ದಲು ಬಂತು, ಬೇವಿನ ಹಿಂಡಿ ಬೆರೆಸಿದ ಮೇಲೆ ಕಡಿಮೆ ಆಯ್ತು. ದೀಪಾವಳಿ ಹೊತ್ತಿಗೆ ಮಣ್ಣು ಐದು ಇಂಚು ಕೆಳಗೆ ಕೂತಿತ್ತು. ಇದೇ ಮುಂದೆ ಒಳ್ಳೆಯದಾಯಿತು.

ಈಗ ಸಿಟ್ಟಿನ ವಿಷಯ.

ಜೊತೆಗೆ ಬಂದ ಚೀಟಿಯಲ್ಲಿ "ದಿನಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು ಬೀಳುವ ಜಾಗದಲ್ಲಿ ಇಡಿ" ಎಂದಿತ್ತು. ಹಾಗೇ ಇಟ್ಟೆ. ಮನೆಯ ಪಡುವಣ ಅಂಗಳ, ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲೇ ಬಿಸಿಲು. ಫೆಬ್ರವರಿಯಲ್ಲಿ ಟೊಮೇಟೊ ಸಸಿ ನೆಟ್ಟೆ. ಮಾರ್ಚ್‌ನಲ್ಲಿ ಹೂ ತುಂಬಿತು. ಏಪ್ರಿಲ್‌ನಲ್ಲಿ ಹೂವೆಲ್ಲ ಒಣಗಿ ಉದುರಿತು. ಒಂದು ಕಾಯಿಯೂ ಕಟ್ಟಲಿಲ್ಲ. ಟೊಮೇಟೊ ಹೂವಿನ ಪರಾಗ 35 ಡಿಗ್ರಿ ದಾಟಿದರೆ ಕೆಲಸ ಮಾಡುವುದಿಲ್ಲ ಎಂದು ಆಮೇಲೆ ತಿಳಿಯಿತು. ರಾತ್ರಿಯೂ ಸೆಕೆ ಇದ್ದರೆ ಇನ್ನೂ ಕಷ್ಟ. ನಮ್ಮಲ್ಲಿ ಆ ಹೊತ್ತಿಗೆ ಮಂಜಾನೆಯೇ ಬೆವರು.

ಅದಕ್ಕಿಂತ ನೋವಾಗಿದ್ದು ಪಡುವಣ ಅಂಚಿನ ಬದನೆ ಸಸಿಗಳನ್ನು ನೋಡಿ. ನೀರು ಹಾಕಿದರೂ ಬಾಡುತ್ತಿದ್ದವು. ಅವ್ವ ತಗಡು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. "ಯವ್ವಾ, ಗಿಡದ ಬುಡ ಬೇಯ್ಲತ್ತದ" ಎಂದಳು. ಮಗನ ಶಾಲೆಯ ಪ್ರಯೋಗಕ್ಕೆ ತಂದಿದ್ದ ಥರ್ಮಾಮೀಟರ್ ಇತ್ತು. ಸಂಜೆ ನಾಲ್ಕಕ್ಕೆ ತಗಡಿನಿಂದ ಎರಡು ಇಂಚು ಒಳಗೆ ಚುಚ್ಚಿ ನೋಡಿದೆ: 46 ಡಿಗ್ರಿ. ಮಡಿಯ ನಡುವೆ 34. ಒಂದು ಮಾತು ನ್ಯಾಯವಾಗಿ ಹೇಳಬೇಕು. ಕಾವು ಒಳಗೆಲ್ಲ ಹೋಗುವುದಿಲ್ಲ, ಅಂಚಿನ ನಾಲ್ಕು ಇಂಚು ಮಾತ್ರ. ಆದರೆ ಮೂರು ಅಡಿ ಅಗಲದ ಮಡಿಯಲ್ಲಿ ನಾಲ್ಕು ಇಂಚು ಕಡಿಮೆಯೇನಲ್ಲ. ಮಡಿಯನ್ನು ಬೇರೆ ಕಡೆ ಎತ್ತಿಡೋಣ ಎಂದರೆ ಒದ್ದೆ ಮಣ್ಣು ಒಂದು ಟನ್ ಹತ್ತಿರ ತೂಗುತ್ತದೆ. ನಮ್ಮಂಥ ಊರಿನವರು ಮೂಡಣ ಕಡೆ ಇಡಿ. ಮಧ್ಯಾಹ್ನ ಒಂದರವರೆಗೆ ಬಿಸಿಲು, ಆಮೇಲೆ ಮನೆಯ ನೆರಳು. ಅಷ್ಟು ಸಾಕು.

ಅಂಚಿಗೆ ಹಾಕಿದ್ದ ರಬ್ಬರ್ ಪಟ್ಟಿ ಹತ್ತು ತಿಂಗಳಿಗೆ ಒಡೆದು ಪುಡಿಯಾಯಿತು. ತಗಡಿನ ಚೂಪು ಅಂಚು ಅವ್ವನ ಮುಂಗೈ ಕೊಯ್ದಿತು. ಮಾರಿದವರಿಗೆ ಫೋನ್ ಮಾಡಿದರೆ ಪಟ್ಟಿ ವಾರಂಟಿಯಲ್ಲಿ ಬರುವುದಿಲ್ಲ ಎಂದರು. ವಯಸ್ಸಾದವರಿಗೆ ಅನುಕೂಲ ಎಂದು ಹೇಳಿ ಮಾರುವ ವಸ್ತು ಇದು. ಅವರ ಕೈ ಇಡುವ ಜಾಗವನ್ನೇ ಹೀಗೆ ಬಿಟ್ಟಿದ್ದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಹಳೆಯ ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿದೆ. ಎರಡು ವರ್ಷದಿಂದ ಗಟ್ಟಿಯಾಗಿದೆ. ಪೈಪ್ ಎಲ್ಲಿಂದ ಬಂತು ಅಂದರೆ, ಮಡಿಯ ಜೊತೆ ಕೊಟ್ಟಿದ್ದ ಡ್ರಿಪ್ ಕಿಟ್‌ನದೇ. ಬೋರ್ ನೀರಿನ ಸುಣ್ಣ ಕಟ್ಟಿ ಅದರ ಹನಿ ತೂತುಗಳೆಲ್ಲ ಎರಡೇ ತಿಂಗಳಲ್ಲಿ ಮುಚ್ಚಿಹೋಗಿದ್ದವು.

ಆ ಬೇಸಿಗೆ ದಿನಕ್ಕೆ ಎರಡು ಬಕೆಟ್ ನೀರು ಹಾಕಿದೆ. ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಮೇಲಿನ ಮಣ್ಣು ಗಂಟೆಯೊಳಗೆ ಒಣಗುತ್ತಿತ್ತು. ಮೇ ಕೊನೆಗೆ ಉಳಿದದ್ದು ರಾಜಗಿರಿ ಮತ್ತು ನಾಲ್ಕು ಬೆಂಡೆ ಗಿಡ.

ಮಳೆಗಾಲದಲ್ಲಿ ಕೂತು ಯೋಚಿಸಿದೆ. ಎತ್ತರದ ಮಡಿ ಹೆಚ್ಚು ಚಾಲ್ತಿಯಲ್ಲಿರುವುದು ಚಳಿ, ತೇವ ಜಾಸ್ತಿ ಇರುವ ದೇಶಗಳಲ್ಲಿ. ಅಲ್ಲಿ ಮಣ್ಣು ಬೇಗ ಬೆಚ್ಚಗಾಗಬೇಕು, ನೀರು ಬೇಗ ಬಸಿದು ಹೋಗಬೇಕು. ನಮಗೆ ಬೇಕಾದದ್ದು ಪೂರ್ತಿ ಅದರ ಉಲ್ಟಾ. ಅಮೆರಿಕದ ನ್ಯೂ ಮೆಕ್ಸಿಕೊದ ಒಣ ನಾಡಿನಲ್ಲಿ ಜೂನಿ ಎಂಬ ಮೂಲನಿವಾಸಿ ಜನ ತರಕಾರಿಗೆ ತಗ್ಗು ಮಡಿ ಮಾಡುತ್ತಿದ್ದರು. ಸುತ್ತ ಮಣ್ಣಿನ ಒಡ್ಡು, ನಡುವೆ ತಗ್ಗಿನಲ್ಲಿ ಗಿಡ. ಅವ್ವ ಹೊಲದಲ್ಲಿ ಉಳ್ಳಾಗಡ್ಡಿಗೆ ಮಾಡುತ್ತಿದ್ದ ಮಡಿಯೂ ಹಾಗೇ ಇತ್ತು. ಹಾಗಾಗಿ ಕೂತುಹೋದ ಆ ಐದು ಇಂಚನ್ನು ಮತ್ತೆ ತುಂಬಲಿಲ್ಲ. ಹಾಗೇ ಬಿಟ್ಟೆ. ಈಗ ಸಸಿಗಳು ತಗಡಿನ ಅಂಚಿಗಿಂತ ಕೆಳಗೆ ಬೆಳೆಯುತ್ತವೆ. ಬಿಸಿ ಗಾಳಿ ಮೇಲಿಂದ ಹಾದುಹೋಗುತ್ತದೆ. ಎತ್ತರದ ಮಡಿಯೊಳಗೆ ಒಂದು ತಗ್ಗು ಮಡಿ.

ಪಡುವಣ ಬದಿಗೆ ಎಬ್ಬಿಸಿಟ್ಟ ಪರಸಿಗಳನ್ನೇ ನಿಲ್ಲಿಸಿದೆ, ತಗಡಿಗೆ ತಾಗದಂತೆ ಮೂರು ಇಂಚು ಸಂದು ಬಿಟ್ಟು. ಮುಂದಿನ ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ, ಅದೇ ಹೊತ್ತಿಗೆ 37 ಡಿಗ್ರಿ ಇತ್ತು. ಮಾರ್ಚ್ ನಡುವಿನಿಂದ ಜೂನ್ ಮಳೆ ಬೀಳುವವರೆಗೆ ಅರ್ಧ ನೆರಳಿನ ಹಸಿರು ನೆಟ್ ಕಟ್ಟುತ್ತೇವೆ. ಮಣ್ಣಿನ ಮೇಲೆ ಎರಡು ಇಂಚು ತೊಗರಿ ಹೊಟ್ಟು. ಕಲಬುರಗಿಯಲ್ಲಿ ತೊಗರಿ ಹೊಟ್ಟಿಗೆ ಬರ ಇಲ್ಲ, ಆದರೂ ದನಕ್ಕೆ ಹಾಕಿ ಉಳಿದದ್ದನ್ನೇ ಅಣ್ಣ ಊರಿಂದ ಚೀಲದಲ್ಲಿ ತಂದುಕೊಡುತ್ತಾನೆ.

ಇನ್ನು ಗಡಿಗೆ. ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ.

ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬುವುದು ಬಹಳ ಹಳೆಯ ಪದ್ಧತಿ. ಚೀನಾದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಇದನ್ನು ಬರೆದಿಟ್ಟಿದ್ದಾರೆ. ಮಣ್ಣು ಒಣಗಿದಷ್ಟೂ ಗಡಿಗೆಯ ಗೋಡೆಯಿಂದ ನೀರನ್ನು ಎಳೆದುಕೊಳ್ಳುತ್ತದೆ. ತೇವ ಇದ್ದರೆ ಎಳೆಯುವುದಿಲ್ಲ. ಕುಂಬಾರರ ಹತ್ತಿರ ಐದು ಲೀಟರಿನ ನಾಲ್ಕು ಗಡಿಗೆ ತಂದೆ, ಒಂದಕ್ಕೆ ನೂರು ರೂಪಾಯಿ. ಕುಡಿಯುವ ನೀರು ತಣ್ಣಗಾಗಲು ಇಡುತ್ತೇವಲ್ಲ, ಅಂಥದ್ದೇ ಬೇಕು. ಬಣ್ಣ ಹಚ್ಚಿದ್ದು ಬೇಡ, ನೀರು ಜಿನುಗುವುದಿಲ್ಲ. ಒಂದೂವರೆ ಅಡಿಗೆ ಒಂದರಂತೆ ಮಡಿಯ ನಡುಸಾಲಿನಲ್ಲಿ ಹೂತೆವು. ಕುತ್ತಿಗೆ ಎರಡು ಇಂಚು ಮೇಲೆ ಕಾಣಬೇಕು, ಇಲ್ಲದಿದ್ದರೆ ಹೊಟ್ಟು ಒಳಗೆ ಬೀಳುತ್ತದೆ. ಬಾಯಿಗೆ ಪರಸಿಯ ಚೂರು ಮುಚ್ಚಿದರೆ ಸೊಳ್ಳೆ ಮೊಟ್ಟೆ ಇಡುವುದಿಲ್ಲ.

ಎರಡನೇ ಬೇಸಿಗೆಯಿಂದ ನಮ್ಮ ಮನೆಯ ಬೆಳಗು ಈ ಗಡಿಗೆಗಳಿಂದಲೇ ಶುರು. ಐದೂವರೆಗೆ ಅವ್ವ ಸ್ಟೂಲ್ ಹಿಡಿದು ಹೊರಗೆ ಬರುತ್ತಾಳೆ. ಒಂದೊಂದೇ ಮುಚ್ಚಳ ತೆಗೆದು ಒಳಗೆ ಬೆರಳು ಬಿಡುತ್ತಾಳೆ. ನೀರು ಎಷ್ಟು ಇಳಿದಿದೆ ಎಂದು ಬೆರಳಿನ ಗೆಣ್ಣಿನ ಲೆಕ್ಕದಲ್ಲಿ ಹೇಳುತ್ತಾಳೆ. "ಇದು ಭಾಳ ಕುಡಿದದ, ಬದ್ನಿಕಾಯಿ ಹೂವಿಗಿ ಬಂದದ ನೋಡು" ಎನ್ನುತ್ತಾಳೆ. ನಿಜವಾಗಿಯೂ ಬದನೆ ಹತ್ತಿರದ ಗಡಿಗೆ ಎಲ್ಲಕ್ಕಿಂತ ಮೊದಲು ಖಾಲಿ. ನಾನು ತಂಬಿಗೆಯಲ್ಲಿ ನಿಧಾನ ಹೊಯ್ಯುತ್ತೇನೆ. ಒಣ ಗಡಿಗೆಗೆ ನೀರು ಬಿದ್ದಾಗ ಒಳಗಿಂದ ಸಣ್ಣದಾಗಿ ಸುಯ್ ಎನ್ನುತ್ತದೆ, ಮೊದಲ ಮಳೆಯ ವಾಸನೆ ಬರುತ್ತದೆ. ಮೇ ತಿಂಗಳ ಬೆಳಗಿನಲ್ಲಿ ಆ ವಾಸನೆ! ಅವ್ವ ಆಗ ಐದು ನಿಮಿಷ ಏನೂ ಮಾತಾಡದೆ ಕೂರುತ್ತಾಳೆ. ಕೊನೆಗೆ ಮುಚ್ಚಳದ ಪರಸಿ ಚೂರಿನ ಮೇಲೆ ಸ್ವಲ್ಪ ನೀರು ಚೆಲ್ಲುತ್ತಾಳೆ, ಅದು ಗುಬ್ಬಿಗಳ ಪಾಲು.

ನೀರಿನ ಲೆಕ್ಕ ಹೇಳುತ್ತೇನೆ. ಕಡು ಬೇಸಿಗೆಯಲ್ಲಿ ಒಂದು ಗಡಿಗೆ ಎರಡು ದಿನಕ್ಕೆ ಖಾಲಿ, ಚಳಿಗಾಲದಲ್ಲಿ ಐದಾರು ದಿನಕ್ಕೆ. ಅಂಚಿನ ಸೊಪ್ಪಿಗೆ ಎರಚುವುದನ್ನು ಸೇರಿಸಿದರೂ ದಿನಕ್ಕೆ 12, 13 ಲೀಟರ್ ಆಗುತ್ತದೆ. ಮೊದಲು 30 ಹೋಗುತ್ತಿತ್ತು. ಊರಿಗೆ ಹೋದರೆ ಎರಡು ರಾತ್ರಿ ಚಿಂತೆ ಇಲ್ಲದೆ ಇದ್ದು ಬರಬಹುದು.

ತೊಂದರೆ ಇಲ್ಲ ಎಂದಲ್ಲ. ಬೀಜ ಹಾಕಿದ ಮೊದಲ ಎರಡು ವಾರ ಮೇಲಿಂದ ನೀರು ಎರಚಲೇಬೇಕು, ಎಳೆ ಬೇರು ಗಡಿಗೆಯ ತೇವ ಮುಟ್ಟುವವರೆಗೆ. ಗಡಿಗೆಯಿಂದ ಒಂದು ಅಡಿಗಿಂತ ದೂರ ಇರುವ ಗಿಡಕ್ಕೆ ಅದರ ಉಪಯೋಗ ಇಲ್ಲ. ನಮ್ಮ ಗಡಸು ನೀರಿಗೆ ಗಡಿಗೆಯ ಸಣ್ಣ ರಂಧ್ರಗಳೂ ಕಟ್ಟುತ್ತವೆ. ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಅಗೆದು ತೆಗೆದು, ವಿನೆಗರ್ ಬೆರೆಸಿದ ನೀರಲ್ಲಿ ನೆನೆಸಿ ತೆಂಗಿನ ನಾರಿನಿಂದ ಉಜ್ಜುತ್ತೇವೆ. ಮಣ್ಣಿನ ಮೇಲೂ ಬಿಳಿ ಉಪ್ಪು ಕಟ್ಟುತ್ತದೆ. ಜುಲೈ ಆಗಸ್ಟ್‌ನ ಜೋರು ಮಳೆಗೆ ನೆಟ್ ಬಿಚ್ಚಿ ಮಡಿಯನ್ನು ಪೂರ್ತಿ ತೋಯಲು ಬಿಡಿ, ಉಪ್ಪು ಕೆಳಗೆ ತೊಳೆದುಹೋಗುತ್ತದೆ.

ಯಾವಾಗ ಏನು ಹಾಕಬೇಕು ಅನ್ನೋದನ್ನೂ ಈಗ ಬದಲಿಸಿದ್ದೇವೆ. ಟೊಮೇಟೊ ಆಗಸ್ಟ್ ಕೊನೆಗೆ ನೆಡುತ್ತೇವೆ, ಚಳಿಗಾಲ ಪೂರ್ತಿ ಹಣ್ಣು. ಮೆಂತ್ಯೆ, ಕೊತ್ತಂಬರಿ, ಪಾಲಕ್ ಅಕ್ಟೋಬರ್‌ನಿಂದ. ಬೇಸಿಗೆಗೆ ಬೆಂಡೆ, ಚವಳಿಕಾಯಿ, ರಾಜಗಿರಿ, ಪುಂಡಿಪಲ್ಯೆ. ಬದನೆ ಮಾತ್ರ ಡಿಸೆಂಬರ್‌ನಲ್ಲೇ ನೆಟ್ಟು ಬಿಸಿಲು ಏರುವ ಮೊದಲೇ ಬಲಿಸಿಕೊಳ್ಳಬೇಕು. ಕಳೆದ ಮೇ ತಿಂಗಳಲ್ಲಿ ವಾರಕ್ಕೆ ಎರಡು ಸಲ ಎಣ್ಣೆಗಾಯಿಗೆ ಆಗುವಷ್ಟು ಬದನೆ ಸಿಕ್ಕಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಪಕ್ಕದಲ್ಲಿ ಹಸಿ ಮೆಂತ್ಯೆಸೊಪ್ಪು ಇರಲಿಲ್ಲ ಅನ್ನೋದೊಂದೇ ಅವ್ವನ ಕೊರತೆ. ಮೆಂತ್ಯೆ ಬೇಸಿಗೆಗೆ ಬರುವುದಿಲ್ಲ, ಏನು ಮಾಡಿದರೂ.

ಹಾಗಾದರೆ ತಗಡಿನ ಮಡಿ ಕೊಳ್ಳಬೇಕಾ? ಮನೆಯಲ್ಲಿ ಬಗ್ಗಲಾಗದ ಹಿರಿಯರಿದ್ದರೆ ಕೊಳ್ಳಿ. ತಗಡು ಇವತ್ತಿಗೂ ತುಕ್ಕು ಹಿಡಿದಿಲ್ಲ, ಬೋಲ್ಟ್‌ಗಳು ಮಾತ್ರ ಹಿಡಿದಿವೆ. ಮಣ್ಣಿನ ಒತ್ತಡಕ್ಕೆ ಉದ್ದ ಬದಿ ಸ್ವಲ್ಪವೂ ಉಬ್ಬಿಲ್ಲ. ಐದರಲ್ಲಿ ಮೂರೂವರೆ ಕೊಡುತ್ತೇನೆ, ಒಂದೂವರೆ ಕಳೆದದ್ದು ಆ ಅಂಚಿಗೆ ಮತ್ತು ಆ ಚೀಟಿಗೆ. ಬಗ್ಗಿ ಕೆಲಸ ಮಾಡಬಲ್ಲವರಾದರೆ ಆ ದುಡ್ಡು ಉಳಿಸಿ. ನೆಲದಲ್ಲೇ ತಗ್ಗು ಮಡಿ ಮಾಡಿ, ನಾನೂರು ರೂಪಾಯಿಗೆ ನಾಲ್ಕು ಗಡಿಗೆ ತನ್ನಿ.

ನಾಲ್ಕನೇ ಬೇಸಿಗೆ ಹತ್ತಿರ ಬಂತು. ಎರಡು ಗಡಿಗೆಗಳಲ್ಲಿ ನೀರು ಮೂರು ದಿನವಾದರೂ ಇಳಿಯುತ್ತಿಲ್ಲ, ಉಜ್ಜಿದರೂ ರಂಧ್ರ ಬಿಟ್ಟಿಲ್ಲ. ಹೊಸದು ತರಬೇಕು. ಭಟ್ಟಿ ಬುಧವಾರ ತೆಗೆಯುತ್ತೇವೆ, ಗುರುವಾರ ಬನ್ನಿ ಎಂದಿದ್ದಾರೆ ಕುಂಬಾರರು. ಅವ್ವ ತಾನೂ ಬರುತ್ತಾಳಂತೆ, ಬಡಿದು ಸಪ್ಪಳ ಕೇಳಿ ಆರಿಸಲು.