ಸ್ಟೇಷನ್ ಹತ್ರದ ಹೊಸಾ ನಿರಾಶ್ರಿತರ ಕೇಂದ್ರ: ಬಿಲ್ಡಿಂಗ್ ಛಲೋ ಆಗ್ಯಾದ, ಕರಾರಿಂದೇ ಚಿಂತಿ

5ಕ್ಕ 3.5 ಸ್ಟಾರ್ ಕೊಡ್ತೀನ್ರಿ, ಉಳಿದ ಒಂದೂವರೆ ಯಾಕ ಕಟ್ ಮಾಡೀನಿ ಅಂತ ಕೆಳಗ ಬರದೀನಿ, ಪೂರಾ ಓದ್ರಿ ಆಮ್ಯಾಲ ಕಮೆಂಟ್‌ನ್ಯಾಗ ಬೈರಿ.

ಕಲಬುರಗಿ ರೈಲ್ವೆ ಸ್ಟೇಷನ್‌ದಿಂದ ನಡಕೊಂತ ಹೋಗೋಷ್ಟು ದೂರದಾಗ ಒಂದು ಹಳೇ ಕಲ್ಲಿನ ಮನಿ, ಮುಂದ ಅಂಗಡಿ ಹಿಂದ ಗೋಡೌನ್, ಭಾಳ ವರ್ಷದಿಂದ ಕೀಲಿ ಹಾಕಿದ್ದೇ ಇತ್ತು. ಅದನ್ನ ಒಂದು ಸಂಸ್ಥೆಯವ್ರು ಬಾಡಿಗಿ ತೊಗೊಂಡು ರಿಪೇರಿ ಮಾಡಿಸಿ, ಮನಿ ಇಲ್ಲದವ್ರಿಗಿ ಉಳಿಲಾಕ ಬಿಟ್ಟಾರ. ನಮ್ಮ ಗೆಳೆಯರ ಬಳಗದವ್ರು ರವಿವಾರ ಅಲ್ಲಿಗಿ ರೊಟ್ಟಿ ಪಲ್ಯ ಕೊಡ್ತೀವಿ, ಹಂಗಾಗಿ ಕೆಲಸ ನಡದಾಗಿಂದ ನೋಡ್ಕೊಂತ ಬಂದೀನಿ.

ಜಾಗಕ್ಕ ಪೂರಾ ಮಾರ್ಕ್ಸ್. ರಿಂಗ್ ರೋಡ್ ಆಚಿ ಇದರ ಅರ್ಧ ಬಾಡಿಗಿಗಿ ದೊಡ್ಡ ಶೆಡ್ ಸಿಗ್ತಿತ್ತು, ಸಂಸ್ಥೆ ಕಮಿಟಿಯಾಗ ಅದರದೂ ಮಾತು ಬಂದಿತ್ತಂತ, ಆದ್ರ ಅಲ್ಲಿ ಯಾವನ್ ಹೋಗ್ತಾನ್ರಿ? ಸೂಪರ್ ಮಾರ್ಕೆಟ್ ಅನ್ನೋ ಬಜಾರದಾಗ ಗಾಡಿ ತಳ್ಳಾಂವ, ಗಂಜ್‌ನ್ಯಾಗ ಹಮಾಲಿ ಮಾಡಾಂವ, ಸ್ಟೇಷನ್ ಕಡಿ ಬಾಟ್ಲಿ ಆರಸೋ ಮುದುಕಿ, ಇವ್ರೆಲ್ಲಾ ಹೊಟ್ಟಿ ತುಂಬೋ ಜಾಗದ ಬಾಜೂನೇ ಮಲಗ್ತಾರ, ಆಟೋಕ್ಕ ರೊಕ್ಕ ಕೊಟ್ಟು ಯಾರೂ ಮಲಗ್ಲಾಕ ಹೋಗಂಗಿಲ್ಲ. ನಗರ ನಿರಾಶ್ರಿತರ ಸರ್ಕಾರಿ ಯೋಜನಿ ನಿಯಮದಾಗೂ ಇದನ್ನೇ ಬರದಾರ, ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್, ಮಾರ್ಕೆಟ್ ಹತ್ರ ಇರ್ಬೇಕು ಅಂತ. ಬರದದ್ದು ಬರದಂಗ ಮಾಡೋದು ನಮ್ಮ ಕಡಿ ಅಪರೂಪ ನೋಡ್ರಿ.

ಈಗ ರಿಪೇರಿ. ಗೋಡಿ ಎರಡಡಿ ದಪ್ಪದ ಕಲ್ಲಿಂದು, ಮ್ಯಾಲ ಮಣ್ಣಿನ ಮಾಳಗಿ ಇತ್ತು. ಮಣ್ಣ ಇಳಿಸಿ, ಹುಳ ತಿಂದ ತೊಲಿ ತಗದು, ಕಬ್ಬಿಣದ ಗರ್ಡರ್ ಮ್ಯಾಲ ಫರ್ಸಿ ಹಾಸ್ಯಾರ, ಅದರ ಮ್ಯಾಲ ಬಿಳಿ ಬಣ್ಣ ಹೊಡದಾರ, ಬಿಸಲು ವಾಪಸ್ ಹೊಡೀತದ. ಮೇ ತಿಂಗಳದಾಗ ನಮ್ಮೂರಾಗ 42-43 ಡಿಗ್ರಿ ಮಾಮೂಲಿ, ಆಗ ಈ ಬಿಳಿ ಬಣ್ಣದ ಕಿಮ್ಮತ್ತು ತಿಳೀತದ. ನೆಲಕ್ಕೂ ಹಳೇ ಶಹಾಬಾದ್ ಕಲ್ಲೇ ಉಳಿಸಿ ಪಾಲಿಶ್ ಹೊಡಸ್ಯಾರ, ಟೈಲ್ಸ್ ಹಾಕಿಲ್ಲ, ಶಾಣ್ಯಾ ಕೆಲಸ. ತಂಪ ಇರ್ತದ, ಒಂದು ಒಡದ್ರ ನಾಳೆ ಅಂಥದ್ದೇ ಇನ್ನೊಂದು ಸಿಗ್ತದ.

ಆದ್ರ ಮುಂದಿನ ಖೋಲಿ ಗೋಡಿಗಿ ಕಾಂಟ್ರಾಕ್ಟರ್ ಅವಸರ ಮಾಡಿ ಸಿಮೆಂಟ್ ಗಿಲಾಯಿ ಬಡದಾನ, ಒಂದೇ ಮಳಿಗಾಲಕ್ಕ ಕೆಳಗ ಉಪ್ಪಿನ ಹಂಗ ಬೆಳ್ಳಗ ಬಿಟ್ಟು ಪದರ ಪದರ ಉದರ್ಲಾಕತ್ತದ. ಹಳೇ ಕಲ್ಲಿನ ಗೋಡಿ ನೆಲದಿಂದ ತೇವ ಎಳೀತದ, ಮೊದಲು ಸುಣ್ಣದ ಗಚ್ಚಿನ್ಯಾಗಿಂದ ಅದು ಹೊರಗ ಆರಿ ಹೋಗ್ತಿತ್ತು, ಸಿಮೆಂಟ್ ಬಾಯಿ ಮುಚ್ಚಿಬಿಡ್ತದ, ನೀರು ಒಳಗೇ ಕುಂತು ಉಪ್ಪು ತೊಗೊಂಡು ಹೊರಗ ಬರ್ತದ. ಒಳಗಿನ ಖೋಲಿಗಳಿಗಿ ವಯಸ್ಸಾದ ಗೌಂಡಿ ಒಬ್ಬಾಂವ ಜಗಳ ಮಾಡಿ ಸುಣ್ಣಾನೇ ಹಾಕ್ಯಾನ, ಅಲ್ಲಿ ಗೋಡಿ ಇನ್ನೂ ಒಣಗಿದ್ದೇ ಅದ. ಬೀದರ್, ಯಾದಗಿರಿ ಕಡಿ ಯಾರರೆ ಹಳೇ ವಾಡೆ ಹಿಡಿದು ಇಂಥಾ ಕೆಲಸ ಮಾಡೋರಿದ್ರ ಇದೊಂದು ನೆನಪಿಡ್ರಿ.

ಸಂಡಾಸ ಬಚ್ಚಲಾ ಹೊಸಾವು, ರೊಕ್ಕದ ದೊಡ್ಡ ಪಾಲು ಅಲ್ಲೇ ಹೋಗ್ಯಾದ, ಹೋಗ್ಬೇಕಾದ್ದೇ. ನಳದ ನೀರಿನ ಭರೋಸಾ ಇಲ್ಲಂತ ಅಂಗಳದಾಗ ದೊಡ್ಡ ಸಂಪ್ ತೋಡ್ಯಾರ. ಮುದುಕರಿಗಿ ಹಿಡಕೊಳ್ಳೋ ರಾಡ್ ಇರೋ ಸಂಡಾಸ ಒಂದದ. ನನಗ ಭಾಳ ಸೇರಿದ್ದು ಲಾಕರ್. ಕಬ್ಬಿಣದ ಸಣ್ಣ ಡಬ್ಬಿ, ಕೀಲಿ ಅವ್ರ ಕೈಯಾಗೇ. ಫುಟ್‌ಪಾತ್ ಮ್ಯಾಲ ಮಲಗೋರು ಚೀಲ ತಲಿ ಕೆಳಗ ಇಟ್ಕೊಂಡು ಅರ್ಧ ನಿದ್ದಿ ಮಾಡ್ತಾರ, ಮುಂಜಾನಿ ಅದೇ ಚೀಲ ಹೊತ್ಕೊಂಡು ಕೂಲಿಗಿ ಹೋದ್ರ ಯಾರೂ ಕೆಲಸಕ್ಕ ಕರಿಯಂಗಿಲ್ಲ. ಆದ್ರ ಮಂಚದಷ್ಟು ಲಾಕರ್ ಇಲ್ಲ, ನಂಬರ್ ಹಚ್ಚಬೇಕು.

ಮಂಚದ ಮಾತು ಬಂತು. ಗಂಡಸರ ಹಾಲ್ 40 ಅಡಿ ಉದ್ದ 30 ಅಡಿ ಅಗಲ, ಅಂದ್ರ 1200 ಚದರ ಅಡಿ. ಅದೇ ನಿಯಮದ ಪ್ರಕಾರ ಒಬ್ಬರಿಗಿ 50 ಚದರ ಅಡಿ ಬೇಕು, ಅಂದ್ರ 24 ಮಂದಿ. ಹಾಕಿದ್ದು 36 ಮಂಚ! ಕೇರ್‌ಟೇಕರ್‌ಗ ಕೇಳಿದ್ರ "ಸರ, 24 ಮಂದಿ ಆದಮ್ಯಾಲ ಬಾಗಿಲಾ ಹಾಕ್ಲಾ?" ಅಂದ. ಅವನ ಮಾತೂ ಖರೇನೇ. 2011ರ ಜನಗಣತಿಗೇ ನಮ್ಮ ಸಿಟಿ 5 ಲಕ್ಷ ದಾಟಿತ್ತು, ಲಕ್ಷಕ್ಕ ಕನಿಷ್ಠ 100 ಮಂದಿಗಿ ಜಾಗ ಅಂತ ನಿಯಮ, ಲೆಕ್ಕಾ ನೀವೇ ಮಾಡ್ಕೋರಿ. ಆದ್ರೂ ಒಬ್ಬಾಂವಗ ಟಿಬಿ ಕೆಮ್ಮು ಇದ್ರ ಬಾಜೂ ಮಂಚದಾಂವ ಒಂದು ಮೊಳ ದೂರ ಇರ್ತಾನ, ಅದಕ್ಕ ಅರ್ಧ ಸ್ಟಾರ್ ಕಟ್.

ಇನ್ನರ್ಧ ಹೆಂಗಸರ ವಿಭಾಗಕ್ಕ. ಅವ್ರಿಗಿ ಮ್ಯಾಲಿನ ಖೋಲಿ ಕೊಟ್ಟಾರ, ಸಂಡಾಸ ಕೆಳಗ, ರಾತ್ರಿ ಎರಡಕ್ಕ ಎದ್ರ ಮೆಟ್ಲ ಇಳಿದು ಗಂಡಸರ ಹಾಲ್ ಮುಂದಿಂದ ಅಂಗಳ ದಾಟಬೇಕು. ಪ್ಲಾನ್ ಹಾಕ್ದಾಗ ಒಬ್ಬಾಕಿ ಹೆಣಮಗಳಿಗಿ ಕೇಳಿದ್ರ ಇದು ಆಗ್ತಿದ್ದಿಲ್ಲ. ಮ್ಯಾಲ ಪೈಪ್ ಏರಸಲಾಕ ಮಾಲಕ ಒಪ್ಪಲಿಲ್ಲ ಅಂತಾರ, ಇರಬಹುದು.

ಕೊನೀ ಅರ್ಧ, ನನ್ನ ಲೆಕ್ಕದಾಗ ಎಲ್ಲಕ್ಕಿಂತ ದೊಡ್ಡದು, ಕರಾರು. ಇಷ್ಟು ಲಕ್ಷ ಗೋಡಿಗಿ ಸುರದು ಅಗ್ರಿಮೆಂಟ್ ಮಾಡಿದ್ದು 11 ತಿಂಗಳದ್ದು! ವರ್ಷಕ್ಕಿಂತ ಹೆಚ್ಚಿನ ಲೀಸ್ ಆದ್ರ ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ ನೋಂದಣಿ ಆಗ್ಬೇಕು, ಸ್ಟ್ಯಾಂಪ್ ಖರ್ಚು ಬರ್ತದ, ಅದನ್ನ ಉಳಿಸ್ಲಾಕ ಎಲ್ಲಾರೂ ಹಿಡಿಯೋ ದಾರಿ ಇದು. ಮನಿ ಬಾಡಿಗಿಗಿ ಓಕೆ, ಇದಕ್ಕ ಹೆಂಗ್ ನಡೀತದ? ನಾಳೆ ಜಾಗದ ರೇಟ್ ಏರಿ ಮಾಲಕ ಖಾಲಿ ಮಾಡ್ರಿ ಅಂದ್ರ ಫ್ಯಾನ್, ಮಂಚ, ಲಾಕರ್ ಬಿಚ್ಕೊಂಡು ಹೋಗಬಹುದು, ಸಂಪ್ ಬಿಚ್ಚಲಾಕ ಬರ್ತದೇನು? ಹೊಸಾ ಛಾವಣಿ ಬರ್ತದೇನು? ಕನಿಷ್ಠ 5 ವರ್ಷದ ರಿಜಿಸ್ಟರ್ ಲೀಸ್, ಖರ್ಚು ಮಾಡಿದ್ದು ಬಾಡಿಗಿಯಾಗ ತಿಂಗಳಾ ತಿಂಗಳಾ ಮುರ್ಕೊಳ್ಳೋದು, ನಡುವ ಬಿಡಿಸಿದ್ರ ಉಳಿದದ್ದು ಮಾಲಕ ವಾಪಸ್ ಕೊಡೋದು, ಇಷ್ಟು ಬರಸ್ಕೊಂಡಮ್ಯಾಲೇ ಮೊದಲನೇ ಸಿಮೆಂಟ್ ಚೀಲ ಒಳಗ ಬರ್ಬೇಕಿತ್ತು. ಮಾಲಕ ಈಗ ಛಲೋ ಮನಷ್ಯಾನೇ ಅದಾನ, ಇಲ್ಲ ಅನ್ನಂಗಿಲ್ಲ, ಆದ್ರ ಮಕ್ಕಳು ನಾಲ್ಕು ಮಂದಿ ಅದಾರ.

ಹೋಗೋರಿಗಿ: ಆಧಾರ್ ಇಲ್ಲಂತ ವಾಪಸ್ ಕಳಸಂಗಿಲ್ಲ, ಹೆಸರು ಬರಸಿದ್ರ ಸಾಕು, ರೇಷನ್ ಕಾರ್ಡ್ ಅರ್ಜಿ ಅವ್ರೇ ತುಂಬಿ ಕೊಡ್ತಾರ. ಕುಡಿದು ಬಂದ್ರ ಜಗಳ ಮಾಡಬಾರದು ಅಷ್ಟೇ. ಕೊಡೋರಿಗಿ: ಕಂಬಳಿ ಸ್ವೆಟರ್ ತರಬ್ಯಾಡ್ರಿ, ಅಟ್ಟದ ಮ್ಯಾಲ ರಾಶಿ ಬಿದ್ದಾವ. ಹಿಂದಿನ ಗೋಡೌನ್‌ಕ್ಕ ಇನ್ನೂ ತಗಡೇ ಅದ, ಮಧ್ಯಾಹ್ನ ಒಳಗ ನಿಂದ್ರಲಾಕ ಆಗಂಗಿಲ್ಲ, ಅದಕ್ಕ ಎರಡು ಕೂಲರ್ ಯಾರರೆ ಕೊಟ್ರ ಬ್ಯಾಸಗಿ ಸುರು ಆಗೋದ್ರಾಗ ಕೊಡ್ರಿ.