ಎರಡು ಲೀಟರಿನ ವೆಟ್ ಗ್ರೈಂಡರ್: ಏಳು ವರ್ಷ ಉದ್ದು ರುಬ್ಬಿದ ಮೇಲೆ

ಬೆಂಗಳೂರಿಗೆ ಬಂದ ಹೊಸತರಲ್ಲಿ ನನ್ನ ಹತ್ತಿರ ಇದ್ದದ್ದು ಒಂದು ಮಿಕ್ಸಿ. ದೋಸೆಗೆ ಅದರಲ್ಲೇ ರುಬ್ಬುತ್ತಿದ್ದೆ. ನೀರ್ ದೋಸೆಗೆ ಏನೂ ತೊಂದರೆ ಇರಲಿಲ್ಲ. ಉದ್ದಿನ ದೋಸೆಯೂ ನಡೆಯುತ್ತಿತ್ತು. ಸೋತದ್ದು ಇಡ್ಲಿಯಲ್ಲಿ, ಅದಕ್ಕಿಂತ ಜಾಸ್ತಿ ಕೊಟ್ಟೆ ಕಡುಬಿನಲ್ಲಿ. ನಮ್ಮದು ಉಡುಪಿ ಕಡೆ. ಅಷ್ಟಮಿ ಬಂತೆಂದರೆ ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಲೇಬೇಕು. ಮಿಕ್ಸಿಯ ಹಿಟ್ಟಿನಲ್ಲಿ ಮಾಡಿದ ಕಡುಬನ್ನು ಎಲೆ ಬಿಡಿಸಿ ತಟ್ಟೆಗೆ ಹಾಕಿದರೆ ಟಪ್ ಎಂದು ಸದ್ದಾಗುತ್ತಿತ್ತು. ಕಡುಬು ಸದ್ದು ಮಾಡಬಾರದು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಉದ್ದು ಮಿಕ್ಸಿಗೆ ಹಾಕಿದ್ರೆ ಇನ್ನೇನಾಗ್ತದೆ ಮಾರಾಯ್ತಿ, ಬಿಸಿ ಆಗಿ ಸತ್ತು ಹೋಗ್ತದೆ" ಎಂದರು. ಆ ದೀಪಾವಳಿಗೆ ಬಂದ ಬೋನಸ್ಸಿನಲ್ಲಿ 4,800 ರೂಪಾಯಿ ಕೊಟ್ಟು ಈ ಗ್ರೈಂಡರ್ ತಂದೆ. ಡ್ರಮ್ ಎತ್ತಿ ಹೊರಗೆ ತೆಗೆಯುವ ಮಾದರಿ, ಒಳಗೆ ಎರಡು ಕಲ್ಲಿನ ರೋಲರ್. ಉಳಿದ ವಿವರ ಎಲ್ಲ ಡಬ್ಬದ ಮೇಲೇ ಇರುತ್ತದೆ. ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ನಾನು ಹೇಳುವ ಒಳ್ಳೆಯದು, ಕೆಟ್ಟದ್ದು ಎರಡೂ ಈ ಜಾತಿಯ ಎಲ್ಲ ಗ್ರೈಂಡರಿಗೂ ಸುಮಾರಾಗಿ ಹೊಂದುತ್ತದೆ.

ಮೊದಲು ಉದ್ದಿನ ವಿಷಯ. ಈ ಯಂತ್ರವನ್ನು ನಾನು ಇಷ್ಟು ವರ್ಷ ಇಟ್ಟುಕೊಂಡಿರುವುದು ಅದೊಂದಕ್ಕೇ.

ನಮ್ಮನೆಯಲ್ಲಿ ರುಬ್ಬುವ ದಿನ ಶನಿವಾರ. ಮಧ್ಯಾಹ್ನ ಊಟ ಮುಗಿಸಿ ಉದ್ದು ತೊಳೆದು ನೆನೆಹಾಕುತ್ತೇನೆ. ಒಡೆದ ಬೇಳೆಯಲ್ಲ, ಸಿಪ್ಪೆ ತೆಗೆದ ಇಡೀ ಗುಂಡು. ಮೂರು ಗಂಟೆ ನೆಂದರೆ ಸಾಕು. ಸಂಜೆ ಡ್ರಮ್ ಕೂರಿಸಿ, ಮೊದಲು ಕಾಲು ಲೋಟ ನೀರು ಹಾಕಿ ಕಲ್ಲನ್ನು ಸುಮ್ನೆ ತಿರುಗಲು ಬಿಡುತ್ತೇನೆ. ಆಮೇಲೆ ಒಂದೊಂದೇ ಹಿಡಿ ಉದ್ದು. ಎಲ್ಲವನ್ನೂ ಒಟ್ಟಿಗೆ ಸುರಿದರೆ ಕಲ್ಲು ಎದ್ದು ಎದ್ದು ಕೂರುತ್ತದೆ, ಬೆಲ್ಟ್ ಜಾರುತ್ತದೆ. ಶುರುವಿನಲ್ಲಿ ಗರಗರ ಸದ್ದು. ಐದು ನಿಮಿಷದಲ್ಲಿ ಅದು ಮೆತ್ತಗಾಗಿ ಚಪಚಪ ಆಗುತ್ತದೆ. ಈಗ ಅಂಗೈಯಲ್ಲಿ ನೀರು ತಗೊಂಡು ಚಿಮುಕಿಸಬೇಕು, ಲೋಟದಿಂದ ಸುರಿಯಬಾರದು. ಹತ್ತು ನಿಮಿಷಕ್ಕೆ ಹಿಟ್ಟು ನುಣ್ಣಗಾಗಿರುತ್ತದೆ. ಹೆಚ್ಚಿನವರು ನಿಲ್ಲಿಸುವುದು ಇಲ್ಲೇ. ನಾನೂ ಮೊದಲ ಒಂದು ವರ್ಷ ಇಲ್ಲೇ ನಿಲ್ಲಿಸುತ್ತಿದ್ದೆ. ನಿಲ್ಲಿಸಬೇಡಿ.

ಇನ್ನೊಂದು ಕಾಲು ಗಂಟೆ ಬಿಡಿ. ಹದಿನೆಂಟು, ಇಪ್ಪತ್ತನೇ ನಿಮಿಷದ ಹೊತ್ತಿಗೆ ಹಿಟ್ಟಿನ ಬಣ್ಣವೇ ಬದಲಾಗುತ್ತದೆ. ಹಳದಿ ಛಾಯೆ ಹೋಗಿ ಸುಣ್ಣದ ಬಿಳಿ. ಡ್ರಮ್ಮಿನ ಗೋಡೆ ಹತ್ತಿ ಮೇಲೆ ಬಂದು, ಮಡಚಿಕೊಂಡು ಕಲ್ಲಿನ ಕೆಳಗೆ ಹೋಗಿ, ಮತ್ತೆ ಮೇಲೆ ಬರುತ್ತದೆ. ತಳದಲ್ಲಿದ್ದ ಒಂದು ಲೋಟ ಉದ್ದು ಅರ್ಧ ಡ್ರಮ್ ತುಂಬಿರುತ್ತದೆ. ಒಂದು ಬಟ್ಟಲು ನೀರಿಗೆ ಒಂದು ಚೂರು ಹಿಟ್ಟು ಬಿಟ್ಟು ನೋಡಿ. ಮುಳುಗಿದರೆ ಇನ್ನೂ ಐದು ನಿಮಿಷ. ತೇಲಿದರೆ ಆಯಿತು. ಏಳು ವರ್ಷದಲ್ಲಿ ನೂರಾರು ಸಲ ನೋಡಿದ್ದೇನೆ, ಈಗಲೂ ಆ ಚೂರು ತೇಲಿದಾಗ ಖುಷಿಯಾಗುತ್ತದೆ.

ಮಿಕ್ಸಿಯಲ್ಲಿ ಯಾಕೆ ಹೀಗಾಗುವುದಿಲ್ಲ ಎಂದರೆ, ಅದರ ಬ್ಲೇಡು ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗಿ ಕಾಳನ್ನು ಕತ್ತರಿಸುತ್ತದೆ, ಜೊತೆಗೆ ಬಿಸಿ ಮಾಡುತ್ತದೆ. ಇಲ್ಲಿ ಡ್ರಮ್ ನಿಧಾನಕ್ಕೆ ತಿರುಗುತ್ತದೆ. ಕಲ್ಲು ಕಾಳನ್ನು ಒತ್ತಿ ಅರೆಯುತ್ತದೆ. ಆ ಅರ್ಧ ಗಂಟೆಯ ಮಗುಚುವಿಕೆಯಲ್ಲಿ ಉದ್ದಿನ ಲೋಳೆಯೊಳಗೆ ಗಾಳಿ ಸೇರಿ ಅಲ್ಲೇ ಉಳಿಯುತ್ತದೆ. ಅರ್ಧ ಗಂಟೆ ಓಡಿದರೆ ಕರೆಂಟ್ ಬಿಲ್ ಏನಾಗಬಹುದು ಎಂದು ಹೆದರಬೇಕಾಗಿಲ್ಲ. ನನ್ನದು 150 ವ್ಯಾಟಿನ ಮೋಟಾರು. ಅರ್ಧ ಗಂಟೆಗೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗವೂ ಆಗುವುದಿಲ್ಲ.

ಊರಲ್ಲಿ ನಮ್ಮ ಹಿತ್ತಿಲ ಜಗಲಿಯಲ್ಲಿ ಕಡೆಯುವ ಕಲ್ಲು ಇತ್ತು. ಅಷ್ಟಮಿಯ ಹಿಂದಿನ ದಿನ ಅಮ್ಮ ಮತ್ತು ದೊಡ್ಡಮ್ಮ ಸರದಿಯ ಮೇಲೆ ಕೂತು ಕಡೆಯುತ್ತಿದ್ದರು. ಒಬ್ಬರು ಗುಂಡು ತಿರುಗಿಸಿದರೆ ಇನ್ನೊಬ್ಬರು ಎಡಗೈಯಲ್ಲಿ ಹಿಟ್ಟು ಒಳಗೆ ತಳ್ಳುವುದು. ರಾತ್ರಿ ಅಮ್ಮ ಮಣಿಕಟ್ಟಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕೊಯಮತ್ತೂರಿನ ಪಿ. ಸಭಾಪತಿ ಅವರು 1955ರಲ್ಲಿ ಈ ಕಲ್ಲಿಗೆ ಮೋಟಾರು ಜೋಡಿಸಿದರು ಎಂದು ಓದಿದಾಗ, ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಇವತ್ತಿಗೂ ಗ್ರೈಂಡರ್ ಅಂದರೆ ಕೊಯಮತ್ತೂರೇ. ಅಲ್ಲಿನ ವೆಟ್ ಗ್ರೈಂಡರಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ.

ದುಡ್ಡಿನ ಲೆಕ್ಕವೂ ಇದರಲ್ಲಿ ಸೇರಿದೆ. ಅಮ್ಮನ ಅಡುಗೆ ಪುಸ್ತಕದಲ್ಲಿ, ಅಂದರೆ ಅವರು ಕೈಯಲ್ಲಿ ಬರೆದ ಹಳೇ ಲೆಕ್ಕದ ಪುಸ್ತಕದಲ್ಲಿ, ಕಡುಬಿಗೆ ಉದ್ದು ಒಂದು ಪಾವು, ಅಕ್ಕಿ ತರಿ ಎರಡು ಪಾವು ಎಂದಿದೆ. ಮಿಕ್ಸಿ ಕಾಲದಲ್ಲಿ ನಾನು ಅದನ್ನೇ ಮಾಡಿ ಮೆತ್ತಗಾಗದೆ, ಉದ್ದು ಇನ್ನೂ ಜಾಸ್ತಿ ಹಾಕುತ್ತಿದ್ದೆ. ಈಗ ಕಡುಬಿಗೆ ಪುಸ್ತಕದ ಅಳತೆಯೇ ಸರಿ. ವಾರದ ಇಡ್ಲಿಗಂತೂ ಒಂದು ಲೋಟ ಉದ್ದಿಗೆ ಮೂರು ಲೋಟ ತರಿ ಹಾಕಿದರೂ ಹತ್ತಿಯ ಹಾಗೆ ಬರುತ್ತದೆ. ಉದ್ದಿನ ಬೆಲೆ ನೋಡಿದರೆ ಇದೇನು ಸಣ್ಣ ಉಳಿತಾಯವಲ್ಲ.

ಪುಸ್ತಕದ ಇನ್ನೊಂದು ಸಾಲು ಮಾತ್ರ ಬೆಂಗಳೂರಿನಲ್ಲಿ ನಡೆಯಲಿಲ್ಲ. "ರಾತ್ರಿ ಕಡೆದಿಟ್ಟು ಬೆಳಿಗ್ಗೆ ಬೇಯಿಸುವುದು." ಉಡುಪಿಯ ಸೆಕೆಯಲ್ಲಿ ಎಂಟು ಗಂಟೆಗೆ ಹಿಟ್ಟು ಪಾತ್ರೆ ಬಿಟ್ಟು ಹೊರಗೆ ಬಂದಿರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ರಾತ್ರಿ ಹದಿನಾರು ಡಿಗ್ರಿಗೆ ಇಳಿದಾಗ ಅದೇ ಹಿಟ್ಟು ಬೆಳಿಗ್ಗೆ ಇಟ್ಟ ಹಾಗೇ ಕೂತಿರುತ್ತದೆ. ಅಚ್ಚಾದ ಅಡುಗೆ ಪುಸ್ತಕಗಳೂ ಹೆಚ್ಚಾಗಿ ಬರೆಯುವುದು "ಒಂದು ರಾತ್ರಿ ಹುದುಗಲು ಬಿಡಿ" ಎಂದೇ. ಯಾವ ಊರಿನ ರಾತ್ರಿ, ಯಾವ ತಿಂಗಳಿನ ರಾತ್ರಿ ಎಂದು ಬರೆಯಬೇಕಲ್ವಾ? ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಾಗಳಿಗೆ ಇಪ್ಪತ್ತೈದರಿಂದ ಮೂವತ್ತು ಡಿಗ್ರಿ ಶಾಖ ಇದ್ದರೆ ಹಿತ. ಅದಕ್ಕೆ ನಾನು ಚಳಿಗಾಲದಲ್ಲಿ ಹಿಟ್ಟಿನ ಪಾತ್ರೆಯನ್ನು ಬೆಚ್ಚಗಿನ ನೀರಿನ ದೊಡ್ಡ ಬೋಗುಣಿಯಲ್ಲಿಟ್ಟು, ಹಳೇ ಬೈರಾಸು ಸುತ್ತಿ, ಹದಿನಾಲ್ಕು ಗಂಟೆ ಬಿಡುತ್ತೇನೆ. ಶನಿವಾರ ಸಂಜೆ ಆರಕ್ಕೆ ಇಟ್ಟರೆ ಭಾನುವಾರ ಎಂಟಕ್ಕೆ ಇಡ್ಲಿ. ಕಲ್ಲಿನ ಹಿಟ್ಟು ಒಮ್ಮೆ ಉಬ್ಬಿದರೆ ಬೇಗ ಕುಸಿಯುವುದಿಲ್ಲ. ಸ್ವಲ್ಪ ತಡವಾದರೂ ಮರ್ಯಾದೆ ಉಳಿಸುತ್ತದೆ.

ಇಷ್ಟು ಹೊಗಳಿದ್ದು ಸಾಕು. ಮೂರನೇ ವರ್ಷ ಏನಾಯಿತು ಎನ್ನುವುದನ್ನೂ ಹೇಳಬೇಕು.

ಅಷ್ಟಮಿಗೆ ಎರಡು ದಿನ ಇತ್ತು. ಅಮ್ಮ ಊರಿಂದ ರಾತ್ರಿ ಬಸ್ಸಿನಲ್ಲಿ ಕೊಟ್ಟೆ ಕಳಿಸಿದ್ದರು. ನಾಲ್ಕು ನಾಲ್ಕು ಹಲಸಿನ ಎಲೆ ಸೇರಿಸಿ, ಕಡ್ಡಿ ಚುಚ್ಚಿ, ಮೂವತ್ತು ಕೊಟ್ಟೆ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ. ಉದ್ದು ಹಾಕಿ ಗ್ರೈಂಡರ್ ಚಾಲು ಮಾಡಿದೆ. ಹದಿನೈದನೇ ನಿಮಿಷಕ್ಕೆ ಬಗ್ಗಿ ನೋಡಿದರೆ ಬಿಳಿ ಹಿಟ್ಟಿನಲ್ಲಿ ಒಂದು ಬೂದು ಗೆರೆ. ಕೂದಲಿನಷ್ಟು ತೆಳು. ಕಲ್ಲು ತಿರುಗಿದ ಹಾಗೆ ಗೆರೆಯೂ ಸುತ್ತುತ್ತಿತ್ತು, ಸ್ವಲ್ಪ ಸ್ವಲ್ಪ ಅಗಲವಾಗುತ್ತಿತ್ತು. ಬೆರಳಲ್ಲಿ ತೆಗೆದು ಉಜ್ಜಿದೆ. ಕಪ್ಪು, ಜಿಡ್ಡು ಜಿಡ್ಡು. ಅಷ್ಟೂ ಹಿಟ್ಟನ್ನು ಚೆಲ್ಲಿದೆ. ಒಂದು ಲೋಟ ಉದ್ದು ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ.

ಸರ್ವೀಸಿಗೆ ಫೋನ್ ಮಾಡಿದೆ. ರೋಲರ್ ಒಳಗಿನ ಬುಷ್ ಸವೆದು, ಕಂಬಿಗೆ ಉಜ್ಜಿ ಕಪ್ಪು ಬಿಡುತ್ತಿದೆ ಎಂದರು. ಸರಿ, ಬದಲಾಯಿಸಿ ಎಂದೆ. ಭಾಗ ಸ್ಟಾಕ್ ಇಲ್ಲ ಎಂದರು. ವಾರ ಬಿಟ್ಟು ಕೇಳಿದರೆ "ಮೇಡಂ, ಆ ಮಾದರಿ ನಿಂತು ಹೋಗಿದೆ, ಎಕ್ಸ್‌ಚೇಂಜಿನಲ್ಲಿ ಹೊಸದು ತಗೊಳ್ಳಿ" ಎಂಬ ಉತ್ತರ. ಮೂರು ವರ್ಷಕ್ಕೇ! ಕಲ್ಲಿಗೆ ಏನೂ ಆಗಿಲ್ಲ, ಮೋಟಾರು ಗಟ್ಟಿಮುಟ್ಟಾಗಿದೆ, ಬೆರಳುಗಾತ್ರದ ಒಂದು ಪ್ಲಾಸ್ಟಿಕ್ ತುಂಡಿಗಾಗಿ ಹದಿಮೂರು ಕಿಲೋದ ಯಂತ್ರವನ್ನು ಬಿಸಾಡಬೇಕಾ? ಆ ಸಿಟ್ಟು ಇನ್ನೂ ಇಳಿದಿಲ್ಲ.

ಆ ಅಷ್ಟಮಿಗೆ ಅಂಗಡಿಯ ಪ್ಯಾಕೆಟ್ ಹಿಟ್ಟು ತಂದೆ. ದೋಸೆಗೆ ಸರಿಹೋಗುವ ಹಿಟ್ಟು ಅದು, ತೆಳ್ಳಗೆ, ಆಗಲೇ ಹುಳಿ ಬಂದದ್ದು. ಕೊಟ್ಟೆಗೆ ಹೊಯ್ದ ಕೂಡಲೇ ಎಲೆಗಳ ಸಂದಿಯಿಂದ ಸೋರಲು ಶುರುವಾಯಿತು. ಇಡ್ಲಿ ಪಾತ್ರೆಯ ತಳದ ನೀರೆಲ್ಲ ಹಾಲಿನ ಹಾಗೆ ಆಯಿತು. ಅಮ್ಮ ಕಟ್ಟಿದ ಮೂವತ್ತು ಕೊಟ್ಟೆಯಲ್ಲಿ ಹನ್ನೊಂದರಲ್ಲಿ ಮಾತ್ರ ಕಡುಬು ಎನ್ನುವಂಥದ್ದು ಸಿಕ್ಕಿತು. ಅಮ್ಮ ರಾತ್ರಿ ಫೋನ್ ಮಾಡಿ "ಕಡುಬು ಹೇಗೆ ಬಂತು?" ಎಂದಾಗ "ಚೆನ್ನಾಗಿ ಬಂತು" ಎಂದೆ. ಸುಳ್ಳು ಹೇಳಿದ್ದು ಇವತ್ತಿಗೂ ಚುಚ್ಚುತ್ತದೆ.

ಸರಿಯಾದದ್ದು ನಮ್ಮ ರಸ್ತೆಯ ಕೊನೆಯಲ್ಲಿರುವ ಮಿಕ್ಸಿ, ಕುಕ್ಕರ್ ರಿಪೇರಿ ಅಂಗಡಿಯಲ್ಲಿ. ಅವರು ರೋಲರ್ ಬಿಚ್ಚಿ, ಬುಷ್ ನೋಡಿ, ಗೋಡೆಗೆ ತೂಗುಹಾಕಿದ್ದ ಚೀಲದಿಂದ ಎರಡು ತೆಗೆದರು. ಅಳತೆ ಚೂರು ದೊಡ್ಡದಿತ್ತು, ಅರದಲ್ಲಿ ಉಜ್ಜಿ ಕೂರಿಸಿದರು. ಕೂಲಿ ಸೇರಿ 120 ರೂಪಾಯಿ, ಹತ್ತೇ ನಿಮಿಷದ ಕೆಲಸ. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಕೂತು ಕೆಲಸ ಮಾಡುವ ಆ ಮನುಷ್ಯ ಕಂಪನಿಗಿಂತ ಚೆನ್ನಾಗಿ ಆ ಯಂತ್ರವನ್ನು ಅರಿತಿದ್ದರು. "ಅಮ್ಮಾ, ರುಬ್ಬಿ ಆದ್ಮೇಲೆ ಡ್ರಮ್ಮಿಗೆ ನೀರು ತುಂಬಿಸಿ ರಾತ್ರಿಯಿಡೀ ಬಿಡ್ತೀರಾ?" ಎಂದು ಕೇಳಿದರು. ಹೌದು, ತೊಳೆಯಲು ಸುಲಭವಾಗಲಿ ಎಂದು ಹಾಗೇ ಬಿಡುತ್ತಿದ್ದೆ. ಹಾಗೆ ಬಿಟ್ಟರೆ ಹಿಟ್ಟಿನ ನೀರು ಬುಷ್ಷಿನೊಳಗೆ ಇಳಿದು, ಒಣಗಿ, ಉಪ್ಪುಕಾಗದದ ಹಾಗೆ ಉಜ್ಜುತ್ತದಂತೆ. ಈ ಮಾತು ಡಬ್ಬದ ಜೊತೆ ಬಂದ ಪುಸ್ತಿಕೆಯಲ್ಲಿ ಎಲ್ಲೂ ಇರಲಿಲ್ಲ.

ಅಂದಿನಿಂದ ತೊಳೆಯುವ ಕ್ರಮ ಬದಲಾಯಿತು. ಹಿಟ್ಟು ತೆಗೆದ ಕೂಡಲೇ ಒಂದು ಲೋಟ ನೀರು ಹಾಕಿ ಎರಡು ನಿಮಿಷ ಓಡಿಸುತ್ತೇನೆ. ಆ ನೀರು ವ್ಯರ್ಥವಲ್ಲ, ತರಿ ಕಲಸಲು ಅದೇ. ಆಮೇಲೆ ರೋಲರ್ ಬಿಚ್ಚಿ, ತೂತಿನೊಳಗೆ ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ಉಜ್ಜಿ, ಕಲ್ಲುಗಳನ್ನು ಬಟ್ಟೆಯ ಮೇಲೆ ಮಗುಚಿ ಒಣಗಿಸುತ್ತೇನೆ. ಎಲ್ಲ ಸೇರಿ ಹನ್ನೆರಡು ನಿಮಿಷ. ಡ್ರಮ್ಮೊಂದೇ ನಾಲ್ಕೈದು ಕಿಲೋ ಭಾರ. ಬೆನ್ನುನೋವು ಇರುವವರು, ವಯಸ್ಸಾದವರು ಒಬ್ಬರೇ ಇರುವ ಮನೆಯವರು ಅಂಗಡಿಯಲ್ಲೇ ಅದನ್ನು ಎತ್ತಿ ನೋಡಿ. ಎತ್ತಲು ಕಷ್ಟವಾದರೆ ಡ್ರಮ್ ಅಲ್ಲೇ ಬಗ್ಗಿಸಿ ಹಿಟ್ಟು ತೆಗೆಯುವ ಮಾದರಿಗೆ ಹೋಗಿ. ಅದನ್ನು ಸಿಂಕಿಗೆ ಒಯ್ಯಲಾಗುವುದಿಲ್ಲ, ಆದರೆ ಸೊಂಟ ಉಳಿಯುತ್ತದೆ.

ಮಸಾಲೆಗೆ ಇದು ಬೇಡ. ಕೊದ್ದೆಲಿಗೋ ಮೆಣಸ್ಕಾಯಿಗೋ ಅರ್ಧ ಕಡಿ ಕಾಯಿ ಹಾಕಿದರೆ ಎರಡು ಲೀಟರಿನ ಡ್ರಮ್ಮಿನಲ್ಲಿ ಕಲ್ಲಿಗೆ ಸಿಗುವುದೇ ಇಲ್ಲ, ಗೋಡೆಗೆ ಅಂಟಿ ಕೂರುತ್ತದೆ. ಅದಕ್ಕೆ ಮಿಕ್ಸಿಯೇ ಸರಿ. ಪತ್ರೊಡೆಯ ಹಿಟ್ಟು ಮಾತ್ರ ಚೆನ್ನಾಗಿ ಆಗುತ್ತದೆ, ಅಕ್ಕಿ ಜಾಸ್ತಿ ಇರುತ್ತದಲ್ಲ. ಆದರೆ ಕಲ್ಲು ವಾಸನೆ ಹಿಡಿಯುತ್ತದೆ. ಒಮ್ಮೆ ಬೆಳ್ಳುಳ್ಳಿ ಹಾಕಿ ರುಬ್ಬಿದ್ದಕ್ಕೆ ಮುಂದಿನ ಭಾನುವಾರದ ಇಡ್ಲಿಯಲ್ಲೂ ಬೆಳ್ಳುಳ್ಳಿ ಘಾಟು. ಒಂದು ಹಿಡಿ ನೆನೆದ ಅಕ್ಕಿ ರುಬ್ಬಿ ಚೆಲ್ಲಿದರೆ ಹೋಗುತ್ತದೆ. ಹೊಸ ಗ್ರೈಂಡರಿನ ಕಲ್ಲಿನ ಪುಡಿ ತೆಗೆಯಲೂ ಇದೇ ದಾರಿ, ಎರಡು ಮೂರು ಸಲ. ಜೊತೆಗೆ ಕೊಟ್ಟ ಕಾಯಿ ತುರಿಯುವ, ಚಪಾತಿ ಹಿಟ್ಟು ಕಲಸುವ ಭಾಗಗಳನ್ನು ಒಂದೆರಡು ಸಲ ಹಾಕಿ ನೋಡಿ ಅಟ್ಟಕ್ಕೆ ಹಾಕಿದೆ. ರುಬ್ಬುವ ನಡುವೆ ಕರೆಂಟ್ ಹೋದರೆ, ಬಂದ ಮೇಲೆ ತುಂಬಿದ ಡ್ರಮ್ಮನ್ನು ಹಾಗೇ ಚಾಲು ಮಾಡಬೇಡಿ. ಅರ್ಧ ಹಿಟ್ಟು ತೆಗೆದು ಚಾಲು ಮಾಡಿ, ಮತ್ತೆ ಹಾಕಿ. ನನ್ನ ಮೊದಲ ಬೆಲ್ಟ್ ಹೋದದ್ದು ಹಾಗೆ.

ವಾರಕ್ಕೊಮ್ಮೆ ಇಡ್ಲಿ ಮಾಡುವ, ನಾಲ್ಕು ಜನ ಉಣ್ಣುವ ಮನೆಗೆ ಇದನ್ನು ಖಂಡಿತ ತಗೊಳ್ಳಿ ಎನ್ನುತ್ತೇನೆ. ತಿಂಗಳಿಗೊಮ್ಮೆ ಮಾಡುವವರು ತಂದರೆ ಅದು ಕಟ್ಟೆಯ ಮೇಲೆ ಜಾಗ ತಿನ್ನುತ್ತದೆ ಅಷ್ಟೇ. ಕೊಳ್ಳುವ ಮೊದಲು ಅಂಗಡಿಯವರನ್ನು ವಾರಂಟಿ ಎಷ್ಟು ಎಂದು ಕೇಳುವುದರ ಜೊತೆಗೆ, ಈ ರೋಲರಿನ ಬುಷ್ ಬಿಡಿಯಾಗಿ ಸಿಗುತ್ತದಾ, ಈಗಲೇ ಒಂದು ಜೊತೆ ಕೊಡುತ್ತೀರಾ ಎಂದೂ ಕೇಳಿ. ನನ್ನದರಲ್ಲಿ ಹೋದ ತಿಂಗಳಿಂದ ಕಲ್ಲು ಮತ್ತೆ ಸ್ವಲ್ಪ ಅಲುಗಾಡುತ್ತಿದೆ. ಅಷ್ಟಮಿಗೆ ಇನ್ನೂ ಸಮಯ ಇದೆ. ರಿಪೇರಿ ಅಂಗಡಿಯಿಂದ ಎರಡು ಜೊತೆ ಬುಷ್ ತಂದು ಚಮಚದ ಡ್ರಾಯರಿನಲ್ಲಿ ಇಟ್ಟಿದ್ದೇನೆ.